ರೈಲಿಲ್ಲದ ಊರಿನ ಪಾಠ

"ಟೈಮ್ ಎಷ್ಟಾಯ್ತ್ರಿ ಸರ?" ಎಂದು ಯಾರಾದರೂ ಕೇಳಿದರೆ ಮಾಳಪ್ಪ ಸರ್ "ಯಾರದ್ರಿ?" ಎಂದು ತಿರುಗಿ ಕೇಳುತ್ತಿದ್ದರು. ಔರಾದಿನ ನಮ್ಮ ಕಾಲೇಜಿನಲ್ಲಿ ಅವರದು ಭೌತಶಾಸ್ತ್ರ, ನನ್ನದು ರಸಾಯನಶಾಸ್ತ್ರ. ಬೀದರಿನಿಂದ ದಿನಾ ಒಂದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದೆವು. ಅವರ ಮಾತನ್ನೇ ಹಿಡಿದುಕೊಂಡು ಹುಡುಗರು ತಡವಾಗಿ ಬಂದು "ನಮ್ಮ ಟೈಮಿಗಿ ಬಂದೇವ್ರಿ ಸರ" ಎನ್ನುತ್ತಿದ್ದರು. ಸರ್ ನಕ್ಕು ಒಳಗೆ ಬಿಡುತ್ತಿದ್ದರು, ಪ್ರಾಂಶುಪಾಲರು ಹಲ್ಲು ಕಡಿಯುತ್ತಿದ್ದರು.

ಸಾಪೇಕ್ಷತೆಯ ಪಾಠಕ್ಕೆ ರೈಲು ಬೇಕು. ಔರಾದಿಗೆ ರೈಲೇ ಇಲ್ಲ, ನೋಡಬೇಕೆಂದರೆ ಭಾಲ್ಕಿಗೋ ಬೀದರಿಗೋ ಹೋಗಬೇಕು. ಹಾಗಾಗಿ ಸರ್ ಬೆಂಚುಗಳನ್ನೇ ಬೋಗಿ ಮಾಡಿ, ಎರಡು ತುದಿಗೆ ಹುಡುಗರನ್ನು ಗೋಡೆಯಾಗಿ ನಿಲ್ಲಿಸಿ, ನಡುವೆ ಟಾರ್ಚ್ ಹಿಡಿದು ನಿಲ್ಲುತ್ತಿದ್ದರು.

"ನೋಡ್ರಿ, ದೀಪ ಹತ್ತಿತಂದ್ರ ಬೆಳಕು ಚೆಂಡಿನಂಗ ಸುತ್ತ ಉಬ್ಬತದ. ಓಡೋ ಗಾಡಿಯಾಗ ಕುಂತಾಂವ ಅಂತಾನ, ಮುಂದಿನ ಗ್ವಾಡಿ ಹಿಂದಿನ ಗ್ವಾಡಿ ಎರಡಕ್ಕೂ ಒಮ್ಮೆಗೇ ಮುಟ್ತು. ಟೇಸನ್ದಾಗ ನಿಂತಾಂವ ಅಂತಾನ, ಇಲ್ಲ, ಹಿಂದಿನ ಗ್ವಾಡಿ ಬೆಳಕಿಗಿ ಎದುರು ಬರ್ತದ, ಅದಕ್ಕ ಮೊದಲ ಮುಟ್ತು. ಚೆಂಡಿನ ನಟ್ಟನಡುವ ನಾನೇ ಅದೀನಿ ಅಂತ ಇಬ್ಬರೂ ಅಂತಾರ. ಇಬ್ಬರದೂ ಖರೇನ!"

ಒಂದು ವರ್ಷ ಈ ಪಾಠದ ಹೊತ್ತಿಗೆ ಅವರ ಹೆಂಡತಿ ಶಾಂತಮ್ಮ ಬೀದರಿನ ಆಸ್ಪತ್ರೆಯಲ್ಲಿದ್ದರು. "ನಾ ಎಲ್ಲಿ ಹೋಗ್ತೇನಿ? ಪಾಠ ಮುಗಿಸಿ ಬರ್ರಿ" ಎಂದು ಆ ದಿನ ಬೆಳಿಗ್ಗೆ ಅವರೇ ಗಂಡನನ್ನು ಕಳಿಸಿದ್ದರು. ಮಧ್ಯಾಹ್ನ ಸ್ಟಾಫ್ ರೂಮಿಗೆ ಶಾಂತಮ್ಮನ ತಮ್ಮನ ಫೋನು ಬಂತು. "ಅಕ್ಕ ಈಗೇ ಹೋದಳ್ರಿ." ನಾನು ಕ್ಲಾಸಿಗೆ ಓಡಿದೆ. ಅಲ್ಲಿ ಮುಂದಿನ ಗೋಡೆಯಾಗಿ ನಿಂತ ಹುಡುಗಿ, ಟಾರ್ಚ್ ಹತ್ತುವ ಮೊದಲೇ "ಮುಟ್ತುರೀ!" ಎಂದು ಕೂಗಿಬಿಟ್ಟಿದ್ದಳು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು, ಎಲ್ಲರಿಗಿಂತ ಜೋರಾಗಿ ಸರ್. ನಕ್ಕು ನಕ್ಕು ಬಂದ ಕಣ್ಣೀರು ಒರೆಸುತ್ತಲೇ "ಏನ್ರಿ ಮೇಡಂ, ನಿಮಗೂ ಟಿಕೇಟ್ ಬೇಕೇನ್ರಿ?" ಎಂದರು. ಆ ಮುಖಕ್ಕೆ ಸುದ್ದಿ ಹೇಳಬೇಕಾಯಿತಲ್ಲ, ಅಂಥ ಗತಿ ಯಾರಿಗೂ ಬೇಡ.

ಆಮೇಲೆ ಯಾರಾದರೂ ಟೈಮ್ ಕೇಳಿದರೆ ಸುಮ್ಮನೆ ಗಡಿಯಾರ ತೋರಿಸುತ್ತಿದ್ದರು. ನಿವೃತ್ತರಾಗಿ ಬೀದರಿನ ಹತ್ತಿರದ ಕಮಠಾಣದಲ್ಲಿ ಒಡಹುಟ್ಟಿದ ತಮ್ಮನ ಮನೆ ಸೇರಿದರು. ಕೊನೆಯ ಸಲ ನಾನು ಹೋದಾಗ ಕುರಿಮರಿಗಳಿಗೆ ಸೊಪ್ಪು ಹಾಕುತ್ತಿದ್ದರು.

"ಆಕಿ ಜೀವ ಬಿಡೋ ಹೊತ್ತಿಗೇ ನಾ ನಗ್ಲಾಕತ್ತಿದ್ನಿ ಮೇಡಂ" ಎಂದರು, ತಲೆ ಎತ್ತದೆ.

ಸಮಾಧಾನ ಮಾಡಬೇಕೆನಿಸಿತು. "ಸರ್, 'ಅದೇ ಹೊತ್ತು' ಅನ್ನೋದು ಎಲ್ಲಾರಿಗೂ ಒಂದಲ್ಲ ಅಂತ ನೀವೇ ಕಲಿಸೀರಿ. ಯಾಕ ಅಷ್ಟು ಮನಸ್ಸಿಗಿ ಹಚ್ಕೋತೀರಿ?"

"ಅದು ಒಬ್ಬಾಂವ ಓಡೋವಾಗ, ಒಬ್ಬಾಂವ ನಿಂತಾಗ್ರಿ. ನಾವಿಬ್ಬರೂ ಎಲ್ಲಿ ಓಡೇವು? ಆಕಿ ಬೀದರದಾಗ, ನಾ ಔರಾದದಾಗ, ಒಂದೇ ನೆಲದ ಮ್ಯಾಲ ಇದ್ದೇವಿ. ಆಕಿ ಟೈಮು, ನನ್ನ ಟೈಮು ಒಂದೇರಿ."

ಒಂದು ಹಿಡಿ ಸೊಪ್ಪು ತೆಗೆದು ನಾನೂ ಮರಿಗಳ ಮುಂದೆ ಹಿಡಿದೆ.

ಹೋದ ವರ್ಷ ಅವರೂ ತೀರಿಕೊಂಡರು. ಸುದ್ದಿ ನನಗೆ ತಲುಪಿದ್ದು ಸಂಜೆ. ಬೆಳಿಗ್ಗೆ ಹತ್ತರ ಸುಮಾರಿಗೆ ಹೋದರಂತೆ. ಆಗ ನಾನೆಲ್ಲಿದ್ದೆ ಎಂದು ನೆನೆದು ನೋಡಿದೆ. ನೆನೆಯದಿದ್ದರೆ ಚೆನ್ನಾಗಿತ್ತು. ಭಾಲ್ಕಿಯಲ್ಲಿ, ತಂಗಿಯ ಮಗಳ ಮದುವೆಯ ಜವಳಿಗೆಂದು ಹೋಗಿ, ಹಸಿರು ಸೀರೆಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡುತ್ತಿದ್ದೆ. ತುಂಬಾ ಖುಷಿಯಲ್ಲಿದ್ದೆ.