ಭಾವನವರಿಗೆ ಎಲೆ, ಕಾರಿಗೆ ಕರೆಂಟು

ನನ್ನ ಕಾರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಬೇರೆಯವರ ಕಾರು ನೋಡಿ ಕರುಬುವವರು ಊರಿಗೊಬ್ಬರು ಸಿಗುತ್ತಾರೆ. ತನ್ನದೇ ಕಾರಿನ ಮೇಲೆ ಕರುಬುವವನು ಹುಣಸೂರಿನಲ್ಲಿ ಬಹುಶಃ ನಾನೊಬ್ಬನೇ. ಕಾರಣ ಇಷ್ಟೆ. ಅದು ಕರೆಂಟಿನ ಕಾರು. ಹತ್ತಿ ಕೂತ ಕೂಡಲೇ ಎದುರಿನ ಪರದೆಯ ಮೇಲೆ ತನ್ನಲ್ಲಿ ಶೇಕಡಾ ಎಷ್ಟು ಉಳಿದಿದೆ, ಅದರಲ್ಲಿ ಎಷ್ಟು ದೂರ ಹೋಗಬಹುದು ಎಂದು ಸಂಕೋಚವಿಲ್ಲದೆ ಹೇಳುತ್ತದೆ. ಅರವತ್ತೇಳು ದಾಟಿದ ನನಗೆ ನನ್ನ ತಲೆಯ ವಿಷಯದಲ್ಲಿ ಅಂಥ ಒಂದು ಪರದೆ ಇಲ್ಲ. ಇದ್ದಿದ್ದರೆ ಬೆಳಿಗ್ಗೆ ಎದ್ದು ನೋಡಿಕೊಂಡು, ಇಂದು ನಲವತ್ತೇ ಇದೆ, ಹೆಸರುಗಳನ್ನು ನೆನಪಿಸಿಕೊಳ್ಳುವ ಗೋಜಿಗೆ ಹೋಗಬಾರದು, ಪೇಪರು ಓದಿ ಸುಮ್ಮನಿರಬೇಕು ಎಂದು ತೀರ್ಮಾನಿಸಬಹುದಿತ್ತು.

ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ಮೈಸೂರಿನಲ್ಲಿ ಎಂ.ಎ. ಓದುವಾಗ ಅಂಟಿಕೊಂಡ ಸಂಶಯದ ಚಟ ಇನ್ನೂ ಬಿಟ್ಟಿಲ್ಲ. ಮದುವೆಯ ವಿಷಯದಲ್ಲೂ ಸಂಶಯಪಡುತ್ತ ಕೂತು ವಯಸ್ಸು ಮೀರಿತು. ಇನ್ನು ಕಾರು ಕೊಳ್ಳುವಾಗ ಸುಮ್ಮನಿರುತ್ತೇನೆಯೆ? ಹೊಗೆಯಿಲ್ಲ, ಮಾಲಿನ್ಯವಿಲ್ಲ, ಪರಿಸರಕ್ಕೆ ಒಳ್ಳೆಯದು ಎಂದು ಷೋರೂಮಿನ ಹುಡುಗಿ ಹೇಳಿದಾಗ, ಈ ಕರೆಂಟು ನೀರಿನಿಂದ ಬಂದದ್ದೋ, ಕಲ್ಲಿದ್ದಲು ಸುಟ್ಟು ಬಂದದ್ದೋ ಎಂದು ಕೇಳಿದೆ. ಪ್ಲಗ್ಗಿನಿಂದ ಬರುತ್ತೆ ಸಾರ್ ಎಂದಳು. ಇಷ್ಟು ಶುದ್ಧವಾದ ಉತ್ತರವನ್ನು ನನ್ನ ವಿದ್ಯಾರ್ಥಿಗಳು ಯಾರೂ ಕೊಟ್ಟಿರಲಿಲ್ಲ. ರುಜು ಹಾಕಿದೆ.

ಆದರೂ ಸಂಶಯ ಸಂಶಯವೇ. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ನಮ್ಮ ಸೀಮೆಯ ರಸ್ತೆಗಳಲ್ಲಿ ಒಮ್ಮೆ ಓಡಾಡಿ ನೋಡಿ. ಹೊಲಕ್ಕೊಂದು ಸೊಪ್ಪು ಬೇಯಿಸುವ ಗೂಡು, ಅಂದರೆ ಬ್ಯಾರನ್ನು, ಅದರ ಪಕ್ಕದಲ್ಲಿ ಆಳೆತ್ತರದ ಸೌದೆ ರಾಶಿ, ಮೇಲೆ ಹೊಗೆ. ಅದರ ನಡುವೆ ಹೊಗೆಯಿಲ್ಲದ ನನ್ನ ಕಾರು, ಕೆಸರುಗದ್ದೆಯಲ್ಲಿ ಬಿಳಿ ಪಂಚೆಯ ತುದಿ ಎತ್ತಿಕೊಂಡು ನಡೆಯುವವನ ಹಾಗೆ, ಯಾರಿಗೂ ತಾಕದಂತೆ ಹೋಗುತ್ತದೆ. ನನಗೇ ನಾಚಿಕೆಯಾಗುತ್ತದೆ.

ಪ್ರತಿ ಭಾನುವಾರ ನಾನು ಹೋಗುವುದು ಅಕ್ಕನ ಮನೆಗೆ. ಚುಂಚನಕಟ್ಟೆಯ ಆಚೆ, ನಾಲೆ ದಾಟಿದರೆ ಅವಳ ಊರು. ನನಗಿಂತ ಒಂಬತ್ತು ವರ್ಷ ದೊಡ್ಡವಳು. ನನ್ನನ್ನು ಈಗಲೂ ಪುಟ್ಟ ಎನ್ನುತ್ತಾಳೆ. ಮಗ ಬೇಸಾಯ ಮಾಡುತ್ತಾನೆ, ಸೊಸೆ ಮಂಗಳ ಮನೆ ನೋಡಿಕೊಳ್ಳುತ್ತಾಳೆ. ಅಕ್ಕನ ಕಣ್ಣು ಆರು ವರ್ಷದ ಕೆಳಗೆ ಪೂರ್ತಿ ಹೋಯಿತು. ಹೋದಷ್ಟೂ ಕಿವಿ ಚುರುಕಾಯಿತು. ಜಗಲಿಯ ಮೇಲೆ ಕೂತು, ಇದು ಹಾಲಿನ ಗಾಡಿ, ಇದು ಕೆ.ಆರ್. ನಗರದ ಬಸ್ಸು, ಇದು ಯಾರದೋ ಹೊಸ ಟ್ರಾಕ್ಟರು, ಓಡಿಸುವವನೂ ಹೊಸಬ ಎಂದು ಹೇಳುತ್ತಾಳೆ. ನನ್ನ ಹಳೆಯ ಡೀಸೆಲ್ ಜೀಪು ನಾಲೆಯ ತಿರುವಿನಲ್ಲಿ ಕೆಮ್ಮಿದರೆ ಸಾಕು, ಕಾಫಿಗೆ ನೀರಿಡಲು ಹೇಳುತ್ತಿದ್ದಳು. ಜೀಪು ಗುಜರಿಗೆ ಹೋಗಿ ಈ ಕಾರು ಬಂದ ಮೇಲೆ ಅವಳ ಲೆಕ್ಕ ತಪ್ಪಿತು. ಮೊದಲ ಸಲ ನಾನು ಎದುರಿಗೆ ನಿಂತು ಮಾತಾಡಿಸಿದಾಗ ಬೆಚ್ಚಿಬಿದ್ದಳು. ಕಳ್ಳನ ಹಾಗೆ ಬರುವ ಗಾಡಿಯನ್ನು ಯಾಕೆ ತಗೊಂಡೆ ಎಂದು ಬೈದಳು. ಅಂದಿನಿಂದ ತಿರುವಿನಲ್ಲಿ ಎರಡು ಸಲ ಹಾರನ್ ಮಾಡುವುದೆಂದು ಒಪ್ಪಂದವಾಯಿತು.

ಊರಿನವರು ಕಾರಿಗೆ ಮೇಷ್ಟ್ರ ಎಮ್ಮೆ ಎಂದು ಹೆಸರಿಟ್ಟರು. ಅಂಗಳದಲ್ಲಿ ನಿಲ್ಲಿಸಿ, ಕಿಟಕಿಯೊಳಗಿಂದ ವೈರು ಎಳೆದು ಚಾರ್ಜಿಗೆ ಹಾಕಿದರೆ, ಹಗ್ಗ ಹಾಕಿ ಗೂಟಕ್ಕೆ ಕಟ್ಟಿದ ಹಾಗೆಯೇ ಕಾಣುತ್ತದೆ. ಅದು ಮೇಯುತ್ತಿರುವಾಗ ಮಂಗಳ ಮಿಕ್ಸಿ ಹಾಕಿದರೆ ಇಡೀ ಮನೆಯ ಕರೆಂಟು ಹೋಗುತ್ತದೆ. ಹಾಗಾಗಿ ಭಾನುವಾರದ ಚಟ್ನಿಗೆ ಮತ್ತೆ ಒರಳುಕಲ್ಲೇ ಗತಿಯಾಯಿತು. ವಿಜ್ಞಾನ ಮುಂದೆ ಹೋದಂತೆ ಚಟ್ನಿ ಹಿಂದೆ ಹೋಯಿತು. ರುಚಿಯಾಗಿರುತ್ತದೆ ಎಂಬುದನ್ನು ಮಂಗಳನ ಎದುರು ಹೇಳುವ ಧೈರ್ಯ ನನಗಿಲ್ಲ.

ಅಕ್ಕನ ಮನೆಗೆ ಬರಿಗೈಯಲ್ಲಿ ಹೋಗುವುದು ನಮ್ಮ ಮನೆತನದಲ್ಲಿಲ್ಲ. ಅಕ್ಕನಿಗೆ ಒಂದು ಚಿಪ್ಪು ರಸಬಾಳೆ, ಸ್ವಲ್ಪ ಖಾರಾಬೂಂದಿ. ಭಾವನವರಿಗೆ ಒಂದು ಕಟ್ಟು ವೀಳ್ಯದೆಲೆ. ಹುಣಸೂರಿನ ಪೇಟೆಬೀದಿಯಲ್ಲಿ ಖಲೀಲ್ ಸಾಬರ ಅಂಗಡಿಯ ಎಲೆಯೇ ಆಗಬೇಕು. ಬಾಳೆಲೆಯಲ್ಲಿ ಸುತ್ತಿ ನಾರು ಕಟ್ಟಿರಬೇಕು. ಬೇರೆ ಎಲೆ ತಂದರೆ ಭಾವ ಹಸುವಿಗೆ ಹಾಕುವವರು. ಹೊಸ್ತಿಲು ದಾಟುವ ಮೊದಲು ಎಲೆ ಕೊಡಬೇಕು, ಆಮೇಲೆ ಯೋಗಕ್ಷೇಮ. ಅವರು ಗದ್ದೆಯಲ್ಲಿದ್ದರೆ ಅಕ್ಕನ ಕೈಗೆ ಕೊಟ್ಟು "ಭಾವಂಗೆ" ಎನ್ನಬೇಕು. ಕೊಡುತ್ತಿದ್ದೆ, ಅನ್ನುತ್ತಿದ್ದೆ.

ಹಿಂದಿನ ಸಾಲುಗಳನ್ನು ಓದುವಾಗ ನಿಮಗೆ ವಿಶೇಷವೇನೂ ಅನಿಸಿರಲಿಕ್ಕಿಲ್ಲ. ನನಗೂ ಅನಿಸಿರಲಿಲ್ಲ.

ಹೋದ ಸುಗ್ಗಿಯಲ್ಲಿ ಒಂದು ಭಾನುವಾರ. ಅಕ್ಕನ ಮನೆಯ ಬೀದಿಯಲ್ಲಿ ಹುರುಳಿ ಹರಡಿದ್ದರು. ರಸ್ತೆಗೆ ಬಳ್ಳಿ ಹಾಸಿ, ಹೋಗಿಬರುವ ಗಾಡಿಗಳಿಂದ ತುಳಿಸಿ ಕಾಳು ಬಿಡಿಸಿಕೊಳ್ಳುವುದು ನಮ್ಮ ಕಡೆಯ ಪದ್ಧತಿ ಅಲ್ಲವೆ? ಪಕ್ಕದ ಮನೆಯ ನಿಂಗೇಗೌಡರು ತಿರುವಿನ ಹತ್ತಿರವೇ ಕೈ ಅಡ್ಡ ಹಿಡಿದು ನಿಲ್ಲಿಸಿದರು.

"ಮೇಷ್ಟ್ರೇ, ನಿಮ್ಮೆಮ್ಮೆ ಸುಮ್ನೆ ತಿಂದ್ಕೊಂಡು ಅದೆ. ಒಂದೆರಡು ಸುತ್ತು ತುಳಿಸಿ, ಪುಣ್ಯ ಬತ್ತದೆ."

ತುಳಿಸಿದೆ. ದುಂಡಗೆ ತಿರುಗಿಸಿಕೊಂಡು ಮೂರು ಸುತ್ತು ಹೊಡೆಯುವಷ್ಟರಲ್ಲಿ ಹಾರನ್ನಿನ ಒಪ್ಪಂದ ಮರೆತೇಹೋಯಿತು. ಬಳ್ಳಿಯ ಮೆತ್ತೆಯ ಮೇಲೆ ಉರುಳುತ್ತ ಅಕ್ಕನ ಅಂಗಳದ ಅಂಚಿಗೆ ಬಂದು ನಿಂತೆ. ಜಗಲಿಯ ಮೇಲೆ ಅಕ್ಕ ಕೂತಿದ್ದಳು. ಮಂಗಳ ನನಗೆ ಬೆನ್ನು ಮಾಡಿ ಅವರೆಕಾಯಿ ಸುಲಿಯುತ್ತಿದ್ದಳು. ಕಾರಿನ ಗಾಜು ಇಳಿದಿತ್ತು. ಸದ್ದು ಮಾಡುವ ಗಾಡಿಯವನಿಗೆ ತಾನು ಬರುವ ಮೊದಲಿನ ಮಾತು ಎಂದೂ ಕೇಳಿಸುವುದಿಲ್ಲ. ನನಗೆ ಕೇಳಿಸಿತು.

"ಈಸಲನೂ ಎಲೆ ತತ್ತಾರೆ ನೋಡಿ ಅತ್ತೆ," ಎಂದಳು ಮಂಗಳ. "ಒಂದಿನ ಆದ್ರೆ ಸರಿ, ಬಾಯ್ತಪ್ಪಿ ಅಂದ್ರು ಅನ್ಕೋಬೋದು. ಮಾವ ತೀರ್ಕೊಂಡು ಎರಡು ವರ್ಷ ಆಯ್ತು. ಮೂರು ತಿಂಗಳಿಂದ ವಾರವಾರ ತಂದು ಅವ್ರಿಗೆ ಅಂತಾರೆ. ಕಾರು ಬೇರೆ ಓಡಿಸ್ಕೊಂಡು ಬತ್ತಾರೆ. ಇದ್ದದ್ದ ಏಳ್ಬುಡಾಣ, ಡಾಕ್ಟ್ರಿಗೆ ತೋರಿಸ್ಕೊಳ್ಲಿ."

"ಏಳ್ಬ್ಯಾಡ ಕಣವ್ವ," ಎಂದಳು ಅಕ್ಕ. "ಓದ್ದೋನು, ನಾಚ್ಕೆ ಜಾಸ್ತಿ ಅವ್ನಿಗೆ. ಏಳಿದ್ರೆ ಬರೋದ್ನೇ ನಿಲ್ಲಿಸ್ಬುಡ್ತಾನೆ."

ಮಂಗಳ ಏನೋ ಗೊಣಗಿದಳು. ಅಕ್ಕ ಮೆಲ್ಲಗೆ ಹೇಳಿದಳು: "ಅವ್ನು ಎಲೆ ಕೊಟ್ಟು ಭಾವಂಗೆ ಅಂದಾಗ ನಂಗೂ ಒಂದು ಗಳಿಗೆ, ಅವ್ರು ಗದ್ದೆ ತಾವ ಅವ್ರೆ, ಇನ್ನೇನು ಬತ್ತಾರೆ ಅನ್ನಿಸ್ತದೆ. ನಿಂಗೆ ಅವ್ರ ಖಾಲಿ ಕುರ್ಚಿ ಕಾಣ್ತದೆ ಮಂಗಳ. ನಂಗೇನು ಕಾಣ್ತದೆ? ಮಾತಾಡ್ದೇ ಇದ್ರೆ ನೀನೂ ಇಲ್ಲ, ಅವ್ರೂ ಇಲ್ಲ."

ಭಾವ ತೀರಿಹೋದದ್ದು ನನಗೆ ಗೊತ್ತಿಲ್ಲವೆ? ಗೊತ್ತಿದೆ. ಚಟ್ಟಕ್ಕೆ ಹೆಗಲು ಕೊಟ್ಟವನು ನಾನು. ಸೋಮವಾರ ಕೇಳಿ, ಬುಧವಾರ ಕೇಳಿ, ಸರಿಯಾದ ಉತ್ತರ ಕೊಡುತ್ತೇನೆ. ಭಾನುವಾರ ಬೆಳಿಗ್ಗೆ ಪೇಟೆಬೀದಿಗೆ ಬಂದರೆ ಮಾತ್ರ ಕಾಲು ತಾನಾಗಿ ಖಲೀಲ್ ಸಾಬರ ಅಂಗಡಿಯ ಮುಂದೆ ನಿಲ್ಲುತ್ತದೆ, ಕೈ ತಾನಾಗಿ ಕಟ್ಟು ತೆಗೆದುಕೊಳ್ಳುತ್ತದೆ. ತಲೆಗೆ ಗೊತ್ತಿರುವ ಸಾವು ಕೈಕಾಲಿಗೆ ತಲುಪಿರಲಿಲ್ಲ.

ಅಲ್ಲಿಂದ ಹಿಂದಕ್ಕೆ ಹೋಗಿ, ತಿರುವಿನಲ್ಲಿ ಹಾರನ್ ಮಾಡಿ, ಏನೂ ಕೇಳಿಸದವನ ಹಾಗೆ ಮತ್ತೆ ಬರೋಣವೆಂದು ರಿವರ್ಸ್ ಹಾಕಿದೆ. ಆಗ ಕಾರು ಅರಚಿಕೊಂಡಿತು. ಮುಂದೆ ಹೋಗುವಾಗ ಪಿಟ್ಟೆನ್ನದ ಈ ಪ್ರಾಣಿ, ಹಿಂದಕ್ಕೆ ಸರಿಯುವಾಗ ಟೂಂ ಟೂಂ ಎಂದು ಬೀದಿಗೆಲ್ಲ ಸಾರುತ್ತದೆ; ಹಿಂದಿರುವವರು ಎಚ್ಚರವಾಗಲಿ ಎಂದು ಹಾಗೆ ಮಾಡಿದ್ದಾರಂತೆ. ವಯಸ್ಸೂ ಹೀಗೆಯೇ ಎಂದು ಆಮೇಲೆ ಅನಿಸಿತು. ಮುಂದಕ್ಕೆ ಸಾಗಿದ್ದು ನಮಗೇ ತಿಳಿಯುವುದಿಲ್ಲ. ಒಂದು ಹೆಜ್ಜೆ ಹಿಂದಕ್ಕಿಟ್ಟೆವೋ, ಊರಿಗೆಲ್ಲ ಕೇಳಿಸುತ್ತದೆ.

"ಬಂದ್ಯಾ ಪುಟ್ಟ?" ಎಂದಳು ಅಕ್ಕ. ಈಗ ಬಂದೆ ಎಂದೆ. ಮಂಗಳ ತಿರುಗಿ ನೋಡಿ, ಅವರೆಕಾಯಿಯ ಮೊರ ಎತ್ತಿಕೊಂಡು ಒಳಗೆ ಹೋದಳು. ಎಲೆಯ ಕಟ್ಟನ್ನು ಸೀಟಿನ ಕೆಳಗೆ ತಳ್ಳಿ, ಬಾಳೆಹಣ್ಣು ಮಾತ್ರ ತೆಗೆದುಕೊಂಡು ಇಳಿದೆ. ಅಕ್ಕ ಹಣ್ಣು ತೆಗೆದುಕೊಂಡಳು. ಇನ್ನೊಂದು ಕೈ ಕ್ಷಣಕಾಲ ಗಾಳಿಯಲ್ಲೇ ನಿಂತಿದ್ದು, ಆಮೇಲೆ ಸೆರಗು ಸರಿಮಾಡಿಕೊಂಡಿತು. ಆ ದಿನ ಭಾವನ ಮಾತೇ ಬರಲಿಲ್ಲ. ಅವಳು ಕಾಫಿಯನ್ನೂ ಅರ್ಧಕ್ಕೇ ಬಿಟ್ಟಳು.

ಮನೆಗೆ ಬಂದವನು ನನ್ನ ಹಳೆಯ ಆಯುಧಗಳನ್ನು ಹೊರತೆಗೆದೆ. ಇಲ್ಲಿ ಇಬ್ಬರು ಸಾಕ್ಷಿಗಳಿದ್ದಾರೆ. ಒಬ್ಬಳಿಗೆ ಕಣ್ಣಿಲ್ಲ, ಇನ್ನೊಬ್ಬನಿಗೆ ನೆನಪಿಲ್ಲ. ಯಾರನ್ನು ನಂಬುವುದು? ನಮ್ಮ ಹಳೆಯ ತರ್ಕಶಾಸ್ತ್ರಿಗಳಾದ ನೈಯಾಯಿಕರು ನೆನಪನ್ನು ಪ್ರಮಾಣಗಳ, ಅಂದರೆ ನಂಬಬಹುದಾದ ಅರಿವಿನ ಮೂಲಗಳ, ಸಾಲಿಗೇ ಸೇರಿಸಲಿಲ್ಲ. ಅದು ಹೊಸದೇನನ್ನೂ ತಿಳಿಸುವುದಿಲ್ಲ, ಒಮ್ಮೆ ತಿಳಿದದ್ದರ ಗುರುತು ಮಾತ್ರ ಎಂದು ಬಾಗಿಲ ಹೊರಗೆ ಕೂರಿಸಿದರು. ಇದನ್ನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಹೊರಗೆ ಕೂತದ್ದು ಎದ್ದು ಹೋದರೆ ಒಳಗಿರುವವರ ಗತಿ ಏನೆಂದು ಒಂದು ದಿನವೂ ಕೇಳಿರಲಿಲ್ಲ. ಕೊನೆಗೆ ಫೋನಿನಲ್ಲಿ ಕಾರಿನ ಓಡಾಟದ ಪಟ್ಟಿ ತೆರೆದೆ. ಯಾವ ದಿನ, ಎಷ್ಟು ದೂರ, ಎಲ್ಲಿ ಎಷ್ಟು ಹೊತ್ತು ನಿಂತಿತು, ಎಲ್ಲವೂ ಅದರಲ್ಲಿದೆ. ಈ ಮೂರು ತಿಂಗಳ ಒಂದೊಂದು ಭಾನುವಾರವೂ ಪೇಟೆಬೀದಿಯಲ್ಲಿ, ಖಲೀಲ್ ಸಾಬರ ಅಂಗಡಿಯ ಮುಂದೆ ಐದೋ ಆರೋ ನಿಮಿಷ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ನಾನು ಮರೆತದ್ದನ್ನು ಕಾರು ನೆನಪಿಟ್ಟುಕೊಂಡಿತ್ತು. ಅದು ಏನನ್ನು ಕಳೆದುಕೊಂಡಿತ್ತೆಂದು ಮರೆಯಬೇಕು?

ಆ ವಾರವೇ ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಡಾಕ್ಟರಿಗೆ ತೋರಿಸಿಕೊಂಡೆ. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದರು, ಕಳೆದೆ. ಮೂರು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. ಎರಡು ಹೇಳಿದೆ, ಎರಡನೆಯದರ ಬಗ್ಗೆ ನನಗೇ ಸಂಶಯವಿತ್ತು. ಶುರುವಿನ ಲಕ್ಷಣ, ಆರು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದು ಮಾತ್ರೆ ಬರೆದರು. ಗೊತ್ತಿರುವ ದಾರಿಯಲ್ಲಿ ಹಗಲು ಹೊತ್ತು ಕಾರು ಓಡಿಸಬಹುದು, ಆಮೇಲಿನದು ಆಮೇಲೆ ಎಂದರು. ಮಂಗಳನಿಗೆ ಫೋನು ಮಾಡಿ ಇದಷ್ಟನ್ನೂ ಹೇಳಿದೆ. ಅತ್ತು, ಮಾತ್ರೆ ಮರೀಬೇಡಿ ಮಾವ ಎಂದಳು. ಅಂದ ಮೇಲೆ ಅವಳಿಗೇ ನಗು ಬಂತು.

ಮುಂದಿನ ಭಾನುವಾರ ಪೇಟೆಬೀದಿಯಲ್ಲಿ ಕಾರು ನಿಲ್ಲಿಸಿ, ಒಳಗೇ ಬಹಳ ಹೊತ್ತು ಕೂತಿದ್ದೆ. ಎಲೆ ತೆಗೆದುಕೊಳ್ಳದೆ ಹೋದರೆ ಅಕ್ಕನಿಗಿದ್ದ ಆ ಒಂದು ಗಳಿಗೆಯೂ ಇನ್ನಿಲ್ಲ. ತೆಗೆದುಕೊಂಡು ಹೋದರೆ ಗೊತ್ತಿದ್ದೂ ಆಡುವ ನಾಟಕ. ಮರೆತು ತಂದದ್ದು ಕಾಯಿಲೆ, ನೆನಪಿದ್ದು ತಂದರೆ ಏನೆನ್ನಬೇಕು? ನನ್ನ ಕಾರು ಗುರುತಿಸಿ ಖಲೀಲ್ ಸಾಬರೇ ಕಟ್ಟನ್ನು ಹಿಡಿದುಕೊಂಡು ಕಿಟಕಿಯ ಹತ್ತಿರ ಬಂದರು.

"ಬಾವ್ನೋರಿಗೆ ಚಿಗುರೆಲೆ ಹಾಕಿದೀನಿ ಸಾರ್. ಚೆನ್ನಾಗಿದಾರಾ?"

ಅವರಿಗೆ ಯಾರೂ ಹೇಳಿರಲಿಲ್ಲ, ಹೇಳಬೇಕಾಗಿದ್ದವನು ನಾನೇ. ತೀರಿಹೋದರು ಸಾಬರೇ, ಎರಡು ವರ್ಷವಾಯಿತು ಎಂದೆ. ಗಟ್ಟಿಯಾಗಿ ಹಾಗೆಂದದ್ದು ಅದೇ ಮೊದಲೇನೋ. ಅವರು ನನ್ನ ಮುಖ ನೋಡಿದರು, ಕೈಯಲ್ಲಿದ್ದ ಕಟ್ಟನ್ನು ನೋಡಿದರು. ವಾಪಸು ತೆಗೆದುಕೊಂಡು ಹೋಗಲಿಲ್ಲ. ನಾರನ್ನು ಇನ್ನೊಂದು ಸುತ್ತು ಬಿಗಿದು ಪಕ್ಕದ ಸೀಟಿನ ಮೇಲಿಟ್ಟರು.

ತಿರುವಿನಲ್ಲಿ ಎರಡು ಸಲ ಹಾರನ್ ಮಾಡಿದೆ. ಅಕ್ಕ ಜಗಲಿಯ ಮೇಲೆ ಕೈ ಒಡ್ಡಿ ಕೂತಿದ್ದಳು. ಕಟ್ಟನ್ನು ಆ ಕೈಯ ಮೇಲಿಟ್ಟೆ. ಅವಳು ಬೆರಳು ಮಡಚಲಿಲ್ಲ. ಬಾಳೆಲೆಯ ಭಾರವನ್ನು ಹಾಗೆಯೇ ಹೊತ್ತುಕೊಂಡು, ಮುಖವನ್ನು ನನ್ನ ಕಡೆಗೆ ಓರೆ ಮಾಡಿ ಕಾದಳು. ಇಷ್ಟು ವಾರ ಮರೆವಿನಲ್ಲಿ ಸರಾಗವಾಗಿ ಆಡಿದ್ದ ಒಂದು ಮಾತನ್ನು ಈಗ ನೆನಪಿಟ್ಟುಕೊಂಡು ಆಡಬೇಕಿತ್ತು.

"ಭಾವಂಗೆ," ಎಂದೆ.

ಬೆರಳು ಮಡಚಿಕೊಂಡವು. ಅಕ್ಕ ಕಟ್ಟನ್ನು ಮೂಗಿನ ಹತ್ತಿರ ಹಿಡಿದು, ಮಡಿಲಲ್ಲಿಟ್ಟುಕೊಂಡಳು. "ವಾದ ವಾರ ಕಾರಲ್ಲೇ ಬುಟ್ಟು ಬಂದೆ," ಎಂದಳು. "ವಾಸ್ನೆ ಬಂತು ನಂಗೆ."

ಅವಳಿಗೆ ಎಲ್ಲವೂ ತಿಳಿದಿತ್ತು. ನನಗೆ ತಿಳಿದದ್ದೂ ತಿಳಿದಿತ್ತು. ಒಳಗೆ ಮಂಗಳ ಲೋಟ ತೊಳೆಯುವ ಸದ್ದು ನಿಂತಿತು. ಅಕ್ಕ ಗದ್ದೆಯ ಕಡೆಗೆ ಮುಖ ತಿರುಗಿಸಿ, ಸಣ್ಣಗೆ ನಕ್ಕು ಹೇಳಿದಳು: "ನಿಮ್ ಭಾವ ಕೇಳಿದ್ರು ಕಣೋ, ಎಲ್ಲಿ ಪುಟ್ಟ ಎಲೆ ತರ್ಲಿಲ್ವಾ ಅಂತ."

ಸಾಕ್ಷಿ ಏನು, ಆಧಾರ ಎಲ್ಲಿ, ಕಂಡವರು ಯಾರು ಎಂದು ಜನ್ಮವಿಡೀ ಕೇಳಿಕೊಂಡು ಬಂದ ಬಾಯಿ ನನ್ನದು. ನಾನು ಅಕ್ಕನ ಪಕ್ಕದಲ್ಲಿ ಕೂತು ಕೇಳಿದೆ:

"ನೀನೇನಂದೆ?"