ಎಂಟು ಖಾಲಿ ಡಬ್ಬ

ಡೀಜೆಗಳು ಕುಣಿತದ ವೇದಿಕೆಗೆ ಹೊಗೆ ಬಿಡುವ ಮಷೀನಿನ ವಾಸನೆ ಡಬ್ಬಣ್ಣನಿಗೆ ಒಂದಿಷ್ಟೂ ಆಗುತ್ತಿರಲಿಲ್ಲ. ಅದರೊಳಗೆ ಸುರಿಯುವ ಸಿಹಿ ದ್ರವ ಕಾದು ಹೊರಗೆ ಬಂದಾಗ, ಯಾರೋ ಸಕ್ಕರೆ ಪಾಕದಲ್ಲಿ ಪ್ಲಾಸ್ಟಿಕ್ ಚಪ್ಪಲಿ ಅದ್ದಿ ಕುದಿಸಿದಂತೆ ಇರುತ್ತದೆ ಎನ್ನುತ್ತಿದ್ದ. ಮುಟ್ಟಿದ ಮೇಲೆ ಮೂರು ಸಲ ಸೋಪು ಹಚ್ಚಿ ಕೈ ತೊಳೆದು, ಮೂಸಿ ನೋಡಿ, ಮುಖ ಸಿಂಡರಿಸಿ, ನಾಲ್ಕನೇ ಸಲ ತೊಳೆಯುತ್ತಿದ್ದ. ಆದರೂ ಅವನ ಹೊಟ್ಟೆಪಾಡು ಅಂಟಿಕೊಂಡಿದ್ದು ಅದೇ ಲೋಕಕ್ಕೆ.

ಮೂಲದಲ್ಲಿ ಅವನು ಬಡಗಿ. ರಸ್ತೆಗೆ ಮುಖ ಮಾಡಿದ ಒಂದು ಶಟರಿನ ಅಂಗಡಿ, ಅದರ ಹಿಂದೆಯೇ ಎರಡು ಕೋಣೆಯ ಮನೆ. ಅಂಗಡಿಯ ಒಂದು ಮೂಲೆಯಲ್ಲಿ ಹೆಂಡತಿಯ ಹೊಲಿಗೆ ಮಷೀನು. ಅವನ ಮರದ ಹೊಟ್ಟು ಹಾರಿ ಅವಳ ರವಿಕೆ ಬಟ್ಟೆಯ ಮೇಲೆ ಕೂತರೆ ಆ ದಿನ ಮನೆಯಲ್ಲಿ ಮಾತುಕತೆ ಬಂದ್. ಬಾಗಿಲು, ಕಿಟಕಿ, ಅಡುಗೆಮನೆಯ ಕಪಾಟು ಅಂತ ನೆಟ್ಟಗೆ ನಡೆಯುತ್ತಿದ್ದ ಬದುಕಿಗೆ ಸದ್ದು ತಂದವನು ಅಕ್ಕನ ಗಂಡ. ಈ ಭಾವ ಒಂದು ಹಳೇ ವ್ಯಾನಿನಲ್ಲಿ ಸಾಮಾನು ತುಂಬಿಕೊಂಡು ಮದುವೆ, ಹುಟ್ಟಿದಹಬ್ಬ, ಅಂಗಡಿ ಉದ್ಘಾಟನೆ ಎಂದು ಊರೆಲ್ಲ ಸುತ್ತಿ ಹಾಡು ಹಾಕುವ ಡೀಜೆ. ಇಪ್ಪತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ, ಬಾಯಿ ಬಿಟ್ಟುಕೊಂಡ ಸ್ಪೀಕರ್ ಡಬ್ಬವೊಂದನ್ನು ತಂದು ಅಂಗಡಿಯಲ್ಲಿ ಇಳಿಸಿದ.

"ಇದಕ್ಕೊಂದು ನಾಲ್ಕು ಮೊಳೆ ಹೊಡಿ. ಬಡಕೊಳ್ಳೋವಾಗ ಗಡಗಡ ಅನ್ನುತ್ತೆ."

ಡಬ್ಬಣ್ಣ ಅದನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. ಒಳಗೆ ತೆಳು ಹಲಗೆ, ಅಂಟೂ ಸರಿಯಾಗಿಲ್ಲ. ಮೊಳೆ ಹೊಡೆಯಲಿಲ್ಲ, ಇಡೀ ಡಬ್ಬವನ್ನು ಬಿಚ್ಚಿ ಹಾಕಿ, ದಪ್ಪ ಪ್ಲೈವುಡ್ಡಿನಲ್ಲಿ ಹೊಸತನ್ನೇ ಕಟ್ಟಿದ. ಒಳಗೆ ಅಡ್ಡಪಟ್ಟಿ ಕೊಟ್ಟ, ಸಂದುಗಳಿಗೆ ಅಂಟು ತುಂಬಿದ. ಒಂದು ಶಾಲೆಯ ಸಭಾಂಗಣದಲ್ಲಿ ಭಾವ ಅದನ್ನು ಮೊದಲ ಸಲ ಹಚ್ಚಿದಾಗ ಡಬ್ಬಣ್ಣ ಬಾಗಿಲ ಬಳಿ ನಿಂತಿದ್ದ. ಸದ್ದು ಕಿವಿಗೆ ಬರುವ ಮೊದಲೇ ಎದೆಗೆ ಬಂತು. ಡಬ್ಬ ಮಾತ್ರ ಒಂದು ಚೂರೂ ನಡುಗಲಿಲ್ಲ. ಅವನ ಮೈಮೇಲೆ ರೋಮ ಎದ್ದಿತು. ತಾನು ಮಾಡಿದ ಬಾಗಿಲು ಯಾವತ್ತೂ ಅವನಿಗೆ ಹೀಗೆ ಮಾಡಿರಲಿಲ್ಲ.

ಆಮೇಲೆ ಏಳೆಂಟು ವರ್ಷ ಅವನು ಕಟ್ಟಿದ್ದೆಲ್ಲ ಡಬ್ಬವೇ. ಬೇರೆ ಡೀಜೆಗಳೂ ಹುಡುಕಿಕೊಂಡು ಬಂದರು. ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಉಳಿಯಿತು, ಊರಿಗೆ ಅವನು ಡಬ್ಬಣ್ಣನಾದ. ಒಂದೊಂದು ಡಬ್ಬ ಎತ್ತಲು ಇಬ್ಬರು ಬೇಕಿತ್ತು. "ನಿನ್ನ ತಮ್ಮನ ಡಬ್ಬ ಎತ್ತಿ ಎತ್ತಿ ನನ್ನ ಸೊಂಟ ಬಿದ್ದುಹೋಯ್ತು" ಎಂದು ಭಾವ ಅಕ್ಕನ ಹತ್ತಿರ ದೂರುತ್ತಿದ್ದ. ದೂರುವಾಗ ಅವನ ದನಿಯಲ್ಲಿ ಹೆಮ್ಮೆಯೂ ಇರುತ್ತಿತ್ತು.

ಕೆಟ್ಟದ್ದು ಶುರುವಾದದ್ದು ಭಾವನಿಗೆ ಹೊಸ ಸಾಮಾನಿನ ಹುಚ್ಚು ಹಿಡಿದ ಮೇಲೆ. ಯಾರೋ ಎಲ್ಲೋ ಏನೋ ತಂದರು ಎಂದು ಕೇಳಿದರೆ ಸಾಕು, ಇವನಿಗೆ ನಿದ್ದೆ ಬರುತ್ತಿರಲಿಲ್ಲ. ಹಸಿರು ಲೇಸರ್ ಬಂತು. ಎರಡು ವರ್ಷ ಎಲ್ಲರ ಗೋಡೆಯ ಮೇಲೂ ಅದೇ ಹಸಿರು ಹುಳು ಹರಿದಾಡಿ, ಒಂದು ದಿನ ಯಾರಿಗೂ ಬೇಡವಾಯಿತು. ಗುಳ್ಳೆ ಬಿಡುವ ಮಷೀನು ಬಂತು. ನೆಲವೆಲ್ಲ ಸೋಪು ನೀರಾಗಿ ಮದುಮಗನ ಸೋದರತ್ತೆ ಕುಣಿಯುತ್ತಲೇ ಜಾರಿ ಮುಂಗೈ ಮುರಿದುಕೊಂಡಳು. ಬಣ್ಣದ ಕಾಗದ ಚೂರು ಹಾರಿಸುವ ಫಿರಂಗಿ ಬಂತು. ಬಡಿಸಿದ ಅನ್ನದೊಳಗೆ ಬೆಳ್ಳಿ ಚೂರು ಸಿಕ್ಕಿ ಊಟಕ್ಕೆ ಕೂತವರು ಬಾಯಿಂದ ತೆಗೆದು ತೆಗೆದು ತಟ್ಟೆಯಂಚಿಗೆ ಒರೆಸಿದರು. ಡೀಜೆಯ ಮೇಜಿನ ಮುಂದೆ ಎಳೆದು ಕಟ್ಟುವ ಹಿಗ್ಗುವ ಬಿಳಿ ಬಟ್ಟೆ ಬಂತು. ಅದನ್ನು ಹೊಲಿದದ್ದು ಡಬ್ಬಣ್ಣನ ಹೆಂಡತಿ.

"ಮೇಜಿಗೂ ಲಂಗ ಹೊಲಿಯೋ ಕಾಲ ಬಂತಲ್ಲ ರೀ. ನಾಳೆ ನಿಮ್ಮ ಭಾವ ಬಂದು ಮೈಕಿಗೆ ಕುಪ್ಪಸ ಕೇಳ್ತಾರೆ, ನೋಡ್ತಿರಿ" ಎಂದು ಅವಳು ನಗುತ್ತಲೇ ಹೊಲಿದಳು.

ಡಬ್ಬಣ್ಣ ನಗಲಿಲ್ಲ. ಪ್ರತಿಯೊಂದು ಹೊಸ ಸಾಮಾನೂ ಹಳತಾದ ಮೇಲೆ ಬಂದು ಬೀಳುತ್ತಿದ್ದದ್ದು ಅವನ ಅಂಗಡಿಯ ಹಿಂದಿನ ತಗಡಿನ ಶೆಡ್ಡಿಗೆ. ಲೇಸರಿನೊಳಗೆ ಜಿರಳೆ ಮೊಟ್ಟೆ ಇಟ್ಟಿದ್ದವು. ಗುಳ್ಳೆ ಮಷೀನಿನ ತೊಟ್ಟಿಯಲ್ಲಿ ಲೋಳೆ ಕಟ್ಟಿ ಹಸಿರಾಗಿತ್ತು. ಹೊಗೆ ಮಷೀನಿನಿಂದ ಸೋರಿದ ದ್ರವಕ್ಕೆ ಧೂಳು ಕೂತು, ಮುಟ್ಟಿದರೆ ಯಾರದೋ ಮೂಗು ಒರೆಸಿದಂತಾಗುತ್ತಿತ್ತು. "ಇದೇನು ನನ್ನ ಶೆಡ್ಡೋ, ಮಷೀನುಗಳ ಮಸಣವೋ?" ಎಂದು ಕೇಳಿದರೆ, ಭಾವ ಹಲ್ಲು ಕಿರಿದು, "ಇರಲಿ ಬಿಡೋ, ಮತ್ತೆ ಯಾವತ್ತಾದ್ರೂ ಬೇಕಾಗುತ್ತೆ" ಎನ್ನುತ್ತಿದ್ದ.

ಎಲ್ಲಕ್ಕಿಂತ ಹೇಸಿಗೆಯ ಪ್ರಸಂಗ ರೋಬೋಟಿನದು. ಮೈತುಂಬ ದೀಪ ಕಟ್ಟಿದ, ಮರಗಾಲಿನ ಮೇಲೆ ನಿಲ್ಲುವ ರೋಬೋಟ್ ವೇಷ ಆ ವರ್ಷ ಎಲ್ಲರಿಗೂ ಬೇಕಾಗಿತ್ತು. ಒಂದು ಬಟ್ಟೆ ಅಂಗಡಿಯ ಉದ್ಘಾಟನೆ, ಹನ್ನೆರಡು ಗಂಟೆಯ ಸುಡು ಬಿಸಿಲು. ವೇಷ ಹಾಕಬೇಕಾದವನು ಕೈಕೊಟ್ಟ. ಐವತ್ತು ದಾಟಿದ, ಹೊಟ್ಟೆ ಮುಂದೆ ಬಂದ ಭಾವ ತಾನೇ ವೇಷ ಹಾಕಿಕೊಂಡ. ಡಬ್ಬಣ್ಣ ಅವತ್ತು ಒಂದು ಸಡಿಲ ಸ್ಟ್ಯಾಂಡು ಸರಿಮಾಡಲು ಹೋಗಿದ್ದ.

ಹತ್ತು ನಿಮಿಷ ರೋಬೋಟು ಕೈ ಬೀಸಿತು. ಹನ್ನೊಂದನೇ ನಿಮಿಷಕ್ಕೆ ಸುಮ್ಮನೆ ನಿಂತಿತು. ಆಮೇಲೆ ಅದರ ಕತ್ತಿನ ಸಂದಿನಿಂದ ಹಳದಿಯದೇನೋ ಇಳಿದು ಎದೆಯ ನೀಲಿ ದೀಪಗಳ ಮೇಲೆ ಹರಿಯತೊಡಗಿತು. ಸುತ್ತ ನಿಂತ ಮಕ್ಕಳು ಇದೂ ಆಟವೇ ಇರಬೇಕೆಂದು ಚಪ್ಪಾಳೆ ತಟ್ಟಿದವು. ಅಂಗಡಿ ಯಜಮಾನ ಫೋನಿನಲ್ಲಿ ಅದನ್ನೇ ವೀಡಿಯೋ ಮಾಡಿದ. ಡಬ್ಬಣ್ಣ ಓಡಿ ಹೋಗಿ ಭಾವನನ್ನು ಅಪ್ಪಿ ಹಿಡಿದು ಕೆಳಗಿಳಿಸಿ, ಗೋಡೆಯ ಮರೆಗೆ ಒಯ್ದು ತಲೆಯ ಡಬ್ಬ ಕಳಚಿದ. ಬೆಳಗಿನ ತಿಂಡಿಯೆಲ್ಲ ಅದರೊಳಗೇ ಇತ್ತು. ಭಾವನ ಗಡ್ಡ, ಮೂಗು, ರೆಪ್ಪೆಗಳಿಗೆಲ್ಲ ಅದು ಅಂಟಿತ್ತು.

"ಜನಕ್ಕೆ ಗೊತ್ತಾಯ್ತೇನೋ?" ಎಂದು ಭಾವ ಮೊದಲು ಕೇಳಿದ.

"ನಿಮಗೆ ನಾಚಿಕೆ ಇಲ್ವಾ ಭಾವ? ಉಸಿರು ಕಟ್ಟಿ ಸತ್ತಿದ್ರೆ ಅಕ್ಕನಿಗೆ ಏನು ಹೇಳ್ಲಿ? ರೋಬೋಟ್ ಹೋಯ್ತು ಅನ್ಲಾ?"

ಆ ತಲೆಯ ಡಬ್ಬವನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದವನೂ ಡಬ್ಬಣ್ಣನೇ. ತಂತಿಗಳ ನಡುವೆ ಸಿಕ್ಕಿಕೊಂಡಿದ್ದನ್ನು ಕಡ್ಡಿಯಿಂದ ಕೆದಕಿ ತೆಗೆದ. ಎರಡು ದಿನ ಅವನಿಗೆ ಊಟ ಸೇರಲಿಲ್ಲ.

ಇಷ್ಟರ ನಡುವೆ ಅವನ ಡಬ್ಬಗಳ ಕಾಲವೂ ಮುಗಿದಿತ್ತು. ಹಗುರಾದ ಪ್ಲಾಸ್ಟಿಕ್ ಸ್ಪೀಕರುಗಳು ಬಂದಿದ್ದವು. ಒಂದೇ ಕೈಯಲ್ಲಿ ಎತ್ತಬಹುದು, ಆಂಪ್ಲಿಫೈಯರ್ ಒಳಗೇ ಇರುತ್ತದೆ, ಸದ್ದೂ ಚೆನ್ನಾಗಿರುತ್ತದೆ. ಡಬ್ಬಣ್ಣ ಮೊದಮೊದಲು ಅವನ್ನೂ ಬಯ್ದ. ಆದರೆ ಅವು ಹೋಗಲಿಲ್ಲ. ವರ್ಷಗಳು ಕಳೆದರೂ ಅವೇ ಉಳಿದವು. ಇದು ಅವನಿಗೆ ಲೇಸರಿಗಿಂತ ಹೆಚ್ಚು ಕಹಿಯಾಯಿತು, ಯಾಕೆಂದರೆ ಇದನ್ನು ಬಯ್ಯಲು ಕಾರಣವೇ ಸಿಗುತ್ತಿರಲಿಲ್ಲ. ಅವನ ದೊಡ್ಡ ಡಬ್ಬಗಳು ಯಾರ್‍ಯಾರ ಪಾಲೋ ಆದವು. ಒಂದನ್ನು ಪಂಕ್ಚರ್ ಅಂಗಡಿಯ ಮುಂದೆ ಕಂಡ. ಗಿರಾಕಿಗಳು ಅದರ ಮೇಲೆ ಕೂತಿದ್ದರು. ಅವರು ಎದ್ದ ಮೇಲೆ ತಟ್ಟಿ ನೋಡಿದ. ಸಂದು ಇನ್ನೂ ಬಿಗಿಯಾಗಿತ್ತು. ಪಂಕ್ಚರಿನವನು, "ಏನ್ ಬೇಕಣ್ಣ?" ಎಂದ. "ಏನಿಲ್ಲ" ಎಂದು ನಡೆದುಬಿಟ್ಟ. ಮತ್ತೆ ಬಾಗಿಲು, ಕಿಟಕಿ, ಕಪಾಟು.

ಹೀಗಿರುವಾಗ ಒಂದು ಬೆಳಗ್ಗೆ ಭಾವ ಕುಣಿದುಕೊಂಡು ಬಂದ.

"ನಿನ್ನ ಕಾಲ ಮತ್ತೆ ಬಂತು ಕಣೋ! ಎಂಟು ಡಬ್ಬ ಬೇಕು. ಮರದ್ದೇ. ಹಳೇ ಥರದ್ದೇ. ಮುಂದೆ ಕಪ್ಪು ಜಾಲರಿ, ಮೂಲೆಗೆ ಹಿತ್ತಾಳೆ ಬಣ್ಣ."

ಡಬ್ಬಣ್ಣ ಉಳಿ ಕೆಳಗಿಟ್ಟ. ಮುಖ ಅರಳಿತ್ತು. "ಎಷ್ಟು ಇಂಚಿನ ಸ್ಪೀಕರು?"

"ಸ್ಪೀಕರ್ ಎಲ್ಲಿ ಬಂತು? ಒಳಗೆ ಏನೂ ಬೇಡ. ನನ್ನ ಹಿಂದೆ ಒಂದರ ಮೇಲೊಂದು ಜೋಡಿಸೋದು, ಅಷ್ಟೆ. ಫೋಟೋಗೆ. ಈಗ ಹಳೇದೇ ಹೊಸ ಫ್ಯಾಶನ್ನು."

"ಮತ್ತೆ ಸದ್ದು?"

"ಅದಕ್ಕೆ ಹೂವಿನ ಹಿಂದೆ ಪ್ಲಾಸ್ಟಿಕ್ ಕಂಬದಂಥ ಎರಡು ಸಣ್ಣ ಸ್ಪೀಕರ್ ಇಟ್ಟಿರ್ತೀನಲ್ಲ."

ಡಬ್ಬಣ್ಣನ ಬಾಯಲ್ಲಿ ಹುಳಿ ತೇಗು ಬಂದಂತಾಯಿತು. "ಖಾಲಿ ಡಬ್ಬ ಮಾಡೋಕೆ ನಾನೇ ಬೇಕಾ? ತೂ!" ಎಂದು ಅಂಗಡಿಯಾಚೆಗೆ ಉಗಿದ. ಭಾವ ಅಕ್ಕನನ್ನು ಕಳಿಸಿದ. ಅಕ್ಕ ಬಂದು, "ನಿನಗೆ ದೊಡ್ಡ ಮನುಷ್ಯರ ಥರ ಮುನಿಸು ಬೇರೆ" ಎಂದು ಗದರಿದಳು. ಹೆಂಡತಿ ಮಾತ್ರ ಮಷೀನು ತುಳಿಯುತ್ತ, "ನಿಮಗೆ ಮನಸ್ಸಿಲ್ಲ ಅಂದ್ರೆ ಬೇಡ ಅನ್ನಿ. ಮಾಡಿದ ಮೇಲೆ ಮೂರು ತಿಂಗಳು ನನ್ನ ತಲೆ ತಿನ್ನಬೇಡಿ" ಎಂದಳು. ಕೊನೆಗೆ ಅಕ್ಕನ ಮುಖ ನೋಡಿ ಮಾಡಿದ. ತೆಳು ಹಲಗೆ, ಸಣ್ಣ ಮೊಳೆ, ಅಡ್ಡಪಟ್ಟಿ ಇಲ್ಲ. ಒಂದು ಡಬ್ಬಕ್ಕೆ ವಾರ ಹಿಡಿಯುತ್ತಿದ್ದವನು ಎಂಟನ್ನೂ ಮೂರು ದಿನದಲ್ಲಿ ಮುಗಿಸಿದ. ಬಣ್ಣ ಬಳಿದು ನಿಲ್ಲಿಸಿದಾಗ ನೋಡಲು ಹಳೆಯವಕ್ಕಿಂತ ಚೆನ್ನಾಗಿದ್ದವು. ಅದು ಅವನಿಗೆ ಇನ್ನಷ್ಟು ಅಸಹ್ಯವಾಯಿತು.

ಆ ಡಬ್ಬಗಳನ್ನು ಮೊದಲ ಸಲ ಇಡುವ ಮದುವೆಯ ಮಧ್ಯಾಹ್ನ, ಜೋಡಿಸಿಕೊಡಲು ಅವನೂ ಹೋದ. ಛತ್ರ ತುಂಬಿತ್ತು. ಹುಡುಗಿಯರು ಡಬ್ಬಗಳ ಮುಂದೆ ನಿಂತು, ಸದ್ದಿಗೆ ಕಿವಿ ಕಿತ್ತುಹೋದಂತೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಫೋಟೋ ತೆಗೆಸಿಕೊಂಡರು. ಆಗ ಮದುಮಗಳು ಮೈಕು ಹಿಡಿದು, ತನ್ನನ್ನು ಸಾಕಿ ಬೆಳೆಸಿದ ಅಜ್ಜನ ಬಗ್ಗೆ ನಾಲ್ಕು ಮಾತಾಡುತ್ತೇನೆ ಎಂದಳು. ಅಜ್ಜ ಮೊದಲ ಸಾಲಿನಲ್ಲಿದ್ದ. ಕಿವಿ ಮಂದ. ಮೊಮ್ಮಗಳ ಬಾಯಿ ಆಡುವುದು ಕಾಣುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಆತ ಎದ್ದು ಕುರ್ಚಿ ಎಳೆದುಕೊಂಡು ಹೋಗಿ, ಎಲ್ಲಕ್ಕಿಂತ ದೊಡ್ಡ ಡಬ್ಬದ ಪಕ್ಕ ಕೂತ. ಜಾಲರಿಗೆ ಕಿವಿ ಆನಿಸಿದ. ಆ ಕಡೆ ಕಿವಿ ಆನಿಸಿದ, ಈ ಕಡೆ ಕಿವಿ ಆನಿಸಿದ. ಡಬ್ಬದ ಮೇಲೆ ಅಂಗೈ ಇಟ್ಟು ನೋಡಿದ. ಆಮೇಲೆ ಕೈ ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿದ.

ಡಬ್ಬಣ್ಣನಿಗೆ ತಾನು ಮಾಡಿದ ಡಬ್ಬ ಕಂಡೇ ಹೇಸಿಗೆಯಾಯಿತು. ರೋಬೋಟಿನ ತಲೆ ತೊಳೆಯುವಾಗಲೂ ಹೀಗಾಗಿರಲಿಲ್ಲ. ಅಡ್ಡ ನಿಂತವರನ್ನು ತಳ್ಳಿಕೊಂಡು ಹೋಗಿ, ಅಜ್ಜನನ್ನು ಕುರ್ಚಿ ಸಮೇತ ಎತ್ತಿ, ಹೂವಿನ ಮರೆಯ ಪ್ಲಾಸ್ಟಿಕ್ ಕಂಬದ ಪಕ್ಕ ತಂದು ಇಳಿಸಿದ. ಹೂಮಾಲೆ ಪಕ್ಕಕ್ಕೆ ಸರಿಸಿದ. "...ಅಜ್ಜ ನನಗೆ ಸೈಕಲ್ ಕಲಿಸೋವಾಗ, ಹಿಂದೆ ಹಿಡ್ಕೊಂಡಿದೀನಿ ಅಂತ ಸುಳ್ಳು ಹೇಳಿ ಬಿಟ್ಟುಬಿಡೋರು" ಎಂಬಲ್ಲಿಗೆ ಮದುಮಗಳು ಬಂದಿದ್ದಳು. ಅಜ್ಜನ ಮುಖ ಮೇಲೆದ್ದಿತು. "ಬಿಡದೇ ಇದ್ದಿದ್ರೆ ಕಲೀತಿದ್ಲಾ ಇವಳು?" ಎಂದು ಜೋರಾಗಿ ಕೂಗಿದ. ಛತ್ರವೆಲ್ಲ ನಕ್ಕಿತು. ಅದಕ್ಕೂ ಮೊದಲು ಅವಳು ಏನೇನು ಹೇಳಿದ್ದಳೋ ಅಜ್ಜನಿಗೆ ಸಿಗಲಿಲ್ಲ.

"ಆ ದೊಡ್ಡದು ಕೆಟ್ಟೋಗಿದೆಯಾ? ನನ್ನ ಕಿವಿ ಪೂರ್ತಿ ಹೋಯ್ತು ಅಂತ ಹೆದರಿದ್ದೆ" ಎಂದ ಅಜ್ಜ, ಅವನ ಕೈ ಹಿಡಿದು.

"ನಿಮ್ಮ ಕಿವಿ ಹೋಗಿಲ್ಲ ಅಜ್ಜ. ಅದರೊಳಗೆ ಏನೂ ಇಲ್ಲ. ಬರೀ ಡಬ್ಬ. ನಾನೇ ಮಾಡಿದ್ದು."

ಅಜ್ಜ ಅವನನ್ನು ಒಮ್ಮೆ, ಡಬ್ಬಗಳನ್ನು ಒಮ್ಮೆ ನೋಡಿದ. "ಯಾಕೆ?" ಎಂದ.

ಸಾಮಾನು ವ್ಯಾನಿಗೆ ತುಂಬುವಾಗ ಭಾವ, "ಇನ್ನೂ ಇಬ್ಬರು ಕೇಳಿದ್ದಾರೆ ಕಣೋ, ಹನ್ನೆರಡು ಮಾಡಿಬಿಡು" ಎಂದ.

"ಒಂದೂ ಮಾಡಲ್ಲ. ನೀವು ಅಕ್ಕನ್ನ ಕಳಿಸಿದ್ರೂ ಇಲ್ಲ, ನಮ್ಮಪ್ಪ ಎದ್ದು ಬಂದು ಕೇಳಿದ್ರೂ ಇಲ್ಲ. ಇನ್ನೊಂದು ಮಾತು. ಶೆಡ್ಡಿನಲ್ಲಿರೋದೆಲ್ಲ ಭಾನುವಾರದೊಳಗೆ ತಗೊಂಡು ಹೋಗಿ. ಸೋಮವಾರ ಗುಜರಿಯವನು ಬರ್ತಾನೆ."

ಭಾವ ನಗಲು ನೋಡಿದ. ಎದುರಿನ ಮುಖ ನೋಡಿ ನಗು ಅಲ್ಲಿಗೇ ಬಿಟ್ಟ. ಭಾನುವಾರ ಅವನು ಬರಲಿಲ್ಲ, ಸೋಮವಾರ ಗುಜರಿಯವನು ಬಂದ. ಐದು ತಿಂಗಳು ಅವರಿಬ್ಬರ ನಡುವೆ ಮಾತಿರಲಿಲ್ಲ. ಭಾವ ಖಾಲಿ ಡಬ್ಬಗಳನ್ನು ಥರ್ಮಾಕೋಲಿನಲ್ಲಿ ಬೇರೆಯವನಿಂದ ಮಾಡಿಸಿದ. ಎರಡು ವರ್ಷ ಓಡಿ ಆ ಫ್ಯಾಶನ್ನೂ ಸತ್ತಿತು. ಒಡೆದ ಬಿಳಿ ಉಂಡೆಗಳು ಛತ್ರದ ಹಿಂದಿನ ಚರಂಡಿಯಲ್ಲಿ ಕಟ್ಟಿಕೊಂಡು ಹೊಲಸು ನೀರು ರಸ್ತೆಗೆ ಬಂತು.

ಮಾತು ಮತ್ತೆ ಹೊಂದಿಸಿದ್ದು ಒಂದು ಒಡೆದ ಮಿಕ್ಸರ್. ವ್ಯಾನು ಗುಂಡಿಗೆ ಇಳಿದಾಗ, ಭಾವ ಹಾಡು ಬೆರೆಸುವ ಆ ಯಂತ್ರದ ಮೇಲೆ ಕಬ್ಬಿಣದ ಸ್ಟ್ಯಾಂಡು ಬಿದ್ದಿತ್ತು. ರಿಪೇರಿ ಮಾಡಿಸಿಕೊಂಡು, ಮುಖ ಸಣ್ಣದು ಮಾಡಿಕೊಂಡು ಅಂಗಡಿಗೆ ಬಂದು, "ಇದನ್ನ ಇಡೋಕೆ ಒಂದು ಗಟ್ಟಿ ಪೆಟ್ಟಿಗೆ ಮಾಡಿಕೊಡ್ತೀಯಾ?" ಎಂದ.

ಡಬ್ಬಣ್ಣ ಯಂತ್ರವನ್ನು ಎಲ್ಲ ಕಡೆಯಿಂದ ಅಳೆದ. ದಪ್ಪ ಪ್ಲೈವುಡ್ಡು, ಮೂಲೆಗಳಿಗೆ ಕಬ್ಬಿಣದ ಟೋಪಿ, ಒಳಗೆ ಯಂತ್ರದ ಆಕಾರಕ್ಕೇ ಕೊರೆದ ಸ್ಪಂಜು, ಕೆಳಗೆ ಚಕ್ರ. ಹದಿನೈದು ದಿನ ತೆಗೆದುಕೊಂಡ. ಮುಗಿದ ಮೇಲೆ ಭಾವನನ್ನು ಕರೆದು ಅದರ ಮೇಲೆ ಹತ್ತಿ ನಿಲ್ಲಿಸಿದ. ಪೆಟ್ಟಿಗೆ ಕಿರ್ ಎನ್ನಲಿಲ್ಲ. ಅದನ್ನು ನೋಡಿದ ಬೇರೆ ಡೀಜೆಗಳು ತಮಗೂ ಬೇಕೆಂದರು. ಈಗ ನಾಲ್ಕು ವರ್ಷದಿಂದ ಅವನ ಕೆಲಸ ಅದೇ. ಸಾಮಾನು ಯಾವುದೇ ಬರಲಿ, ಯಾವುದೇ ಹೋಗಲಿ, ಹೊತ್ತು ತಿರುಗಲು ಪೆಟ್ಟಿಗೆ ಬೇಕೇ ಬೇಕು.

ಹಾಗೆಂದು ಅವನ ಅಸಹ್ಯ ಕಡಿಮೆಯಾಯಿತು ಎಂದುಕೊಳ್ಳಬೇಡಿ. ಮೊನ್ನೆ ಭಾವ ತಣ್ಣನೆ ಕಿಡಿ ಕಾರುವ ಹೊಸ ಮಷೀನೊಂದನ್ನು ತಂದು ಮೇಜಿನ ಮೇಲಿಟ್ಟ. "ಮದುಮಕ್ಕಳ ಅಕ್ಕಪಕ್ಕ ಇಟ್ಟರೆ, ಆಹಾ..." ಎಂದು ಶುರು ಮಾಡಿದ.

"ಅದು ಏನು ಮಾಡುತ್ತೆ ಅಂತ ನನಗೆ ಹೇಳಬೇಡಿ, ಭಾವ. ವಾಂತಿ ಬರುತ್ತೆ" ಎಂದ ಡಬ್ಬಣ್ಣ, ಕಿವಿಯ ಮೇಲಿದ್ದ ಪೆನ್ಸಿಲು ತೆಗೆಯುತ್ತ. "ಉದ್ದ ಎಷ್ಟು, ಅಗಲ ಎಷ್ಟು, ಅಷ್ಟು ಹೇಳಿ."