ಬೆಂಕಿಗೆ ಸಂಬಂಧಪಟ್ಟವರು ಯಾರು?

ಬಣವೆಗೆ ಬೆಂಕಿ ಬಿದ್ದಾಗ ನನ್ನ ತಂಗಿ ಅಗ್ನಿಶಾಮಕದವರಿಗೆ ಫೋನ್ ಮಾಡಲಿಲ್ಲ. ನನಗೆ ಮಾಡಿದಳು.

ನನ್ನ ಉದ್ಯೋಗ ನಿಮಗೆ ಗೊತ್ತೇ ಇದೆ. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಟೈಪಿಂಗ್, ಝೆರಾಕ್ಸ್, ಲ್ಯಾಮಿನೇಷನ್ ಎಂದು ಬೋರ್ಡು ಹಾಕಿಕೊಂಡು ಕೂತವಳು. ಅಂಗಡಿಯಲ್ಲಿರುವ ನೀರೆಂದರೆ ಮನೆಯಿಂದ ತಂದ ಒಂದು ಬಾಟಲಿ. ಅಂಥವಳಿಗೆ ಘೋಣಸಗಿಯ ಹೊಲದ ಮನೆಯಿಂದ ಫೋನ್.

ಹೋದ ಮಂಗಳವಾರ, ಮಧ್ಯಾಹ್ನ. ಆಗಷ್ಟೇ ಬುತ್ತಿ ಬಿಚ್ಚಿದ್ದೆ. (ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಬರೆಯದಿದ್ದರೆ ಏನಿತ್ತು ಎಂದು ಕೇಳುವ ಓದುಗರು ನನಗಿದ್ದಾರೆ.)

"ಅಕ್ಕಾ, ಬಣವಿಗೆ ಬೆಂಕಿ ಹತ್ತೈತಿ. ಎರಡ ಎಮ್ಮಿ ಹೊರಗ ಹೊಡದೀನಿ. ಈದ ಎಮ್ಮಿ ಜಪ್ಪಯ್ಯ ಅಂದ್ರೂ ಬರವಲ್ದು. ಲಗೂನ ಗಾಡಿ ಕಳಸು."

ತಂಗಿ ಮಹಾದೇವಿಯ ಲೆಕ್ಕ ಸರಳ. ಬೆಂಕಿ ಆರಿಸುವ ಗಾಡಿ ಇರುವುದು ಶಹರದಲ್ಲಿ. ಶಹರದಲ್ಲಿ ಇರುವವಳು ಅಕ್ಕ. ಅಂದಮೇಲೆ ಗಾಡಿ ಕಳಿಸಬೇಕಾದವಳೂ ಅಕ್ಕ. ನಗಬೇಡಿ. ನಿಮ್ಮ ಮನೆಯಲ್ಲಿ ಏನಾದರೂ ಆದರೆ ನಿಮ್ಮ ಬೆರಳು ಮೊದಲು ಯಾವ ನಂಬರಿಗೆ ಹೋಗುತ್ತದೆ? ಎದೆ ಮುಟ್ಟಿಕೊಂಡು ಹೇಳಿ.

ಅವಳ ಗಂಡ ಬಸ್ ಡ್ರೈವರ್. ಆ ಹೊತ್ತಿಗೆ ಬಸ್ಸಿನೊಂದಿಗೆ ಎಲ್ಲೋ ದೂರದ ಹಾದಿಯಲ್ಲಿದ್ದರು. ಮನೆಯಲ್ಲಿ ಇವಳೊಬ್ಬಳೇ. ಬಣವೆಯೆಂದರೆ ಇಡೀ ವರ್ಷದ ಮೇವು, ಜೋಳದ ಕಣಿಕೆ. ಅದರ ಮಗ್ಗುಲಿಗೇ ಕಬ್ಬಿನ ಗರಿ ಹೊದಿಸಿದ ದನದ ಛಪ್ಪರ. ಛಪ್ಪರದೊಳಗೆ ಹಿಂದಿನ ದಿನವಷ್ಟೇ ಈದ ಎಮ್ಮೆ, ಒಂದೇ ದಿನದ ಕರು. ಮೇಲೆ ಒಂದು ಕಿಡಿ ಹಾರಿದರೆ ಮುಗಿಯಿತು. ಆ ಎಮ್ಮೆಯನ್ನು ಅದು ಕರುವಾಗಿದ್ದಾಗಿನಿಂದ ಅವಳೇ ಸಾಕಿದ್ದಾಳೆ. ಅದನ್ನು ಬಿಟ್ಟು ಅವಳು ಹೊರಗೆ ಬರುವ ಹೆಂಗಸಲ್ಲ.

ಈಗ ಹೇಳುವುದನ್ನು ನಂಬುವುದು, ಬಿಡುವುದು ನಿಮಗೆ ಬಿಟ್ಟದ್ದು. ಆ ಹೊತ್ತಿಗೆ ನನ್ನ ಅಂಗಡಿಯ ಬೆಂಚಿನ ಮೇಲೆ ಮೂವರು ಕೂತಿದ್ದರು. ಅವರು ಮಾತಾಡುತ್ತಿದ್ದದ್ದೂ ಬೆಂಕಿಯ ಬಗ್ಗೆಯೇ. ಆದರೆ ಅದು ಕಾಗದದ ಮೇಲಿನ ಬೆಂಕಿ.

ವಿಷಯ ಇಷ್ಟು. ತಿಕೋಟಾ ಮತ್ತು ಬಬಲೇಶ್ವರದ ಹಿರಿಯರು ಸೇರಿ, ಎರಡೂ ಊರಿಗೆ ಒಂದು ಸಣ್ಣ ಬೆಂಕಿ ಗಾಡಿ ಇಟ್ಟುಕೊಳ್ಳೋಣ ಎಂದು ಮಾತಾಡಿಕೊಂಡಿದ್ದರು. ನೀರಿನ ಟ್ಯಾಂಕು, ಪಂಪು, ಉದ್ದದ ಪೈಪು. ವಿಜಯಪುರದಿಂದ ದೊಡ್ಡ ಗಾಡಿ ಬಂದು ಮುಟ್ಟುವವರೆಗೆ ಬೆಂಕಿಯನ್ನು ತಡೆದು ಹಿಡಿಯಲು ಇದು. ಸುತ್ತಲಿನ ಹಳ್ಳಿಗಳಿಗೂ ಇದೇ ಗಾಡಿ. ಗಾಡಿ ಕೊಳ್ಳುವ ಮೊದಲು ಅದಕ್ಕೊಂದು ಕರಾರುಪತ್ರ ಬೇಕಲ್ಲ? ಅದರ ಟೈಪಿಂಗ್ ನನ್ನ ಪಾಲಿಗೆ ಬಂದಿತ್ತು.

ತಿಕೋಟಾದ ಕಡೆಯಿಂದ ಬರುವವರು ಚನ್ನಪ್ಪ ಮಾಸ್ತರು, ನಿವೃತ್ತ ಕನ್ನಡ ಶಿಕ್ಷಕರು. ಬಬಲೇಶ್ವರದ ಕಡೆಯಿಂದ ಗುರುಪಾದ ಕಾಕಾ, ದ್ರಾಕ್ಷಿ ಬೆಳೆಯುವವರು. ಇಬ್ಬರ ನಡುವೆ ನಮ್ಮ ವಿಜಯಪುರದ ಮೆಹಬೂಬ ಚಾಚಾ. ಅವರು ಫೈರ್‌ಮನ್ ಆಗಿದ್ದು ನಿವೃತ್ತರಾದವರು. ಎರಡೂ ಊರಿನ ಮಂದಿಗೆ ಪೈಪು ಹಿಡಿಯುವುದನ್ನು ಕಲಿಸಿಕೊಡುತ್ತೇನೆ ಎಂದು ತಾವಾಗಿಯೇ ಒಪ್ಪಿಕೊಂಡವರು.

ಮೂರು ವಾರದಿಂದ ಬರುತ್ತಿದ್ದಾರೆ. ಒಂದು ವಾರ ಪೂರ್ತಿ ಗಾಡಿಯ ಮೇಲೆ ಯಾವ ಊರಿನ ಹೆಸರು ಮೊದಲು ಎಂಬುದರಲ್ಲೇ ಹೋಯಿತು. ಮಾಸ್ತರು ಅಕ್ಷರಮಾಲೆ ತೆಗೆದರು. ತ ಮೊದಲು, ಬ ಆಮೇಲೆ, ಇದರಲ್ಲಿ ವಾದವೇನು ಬಂತು ಎಂದರು. ಕಾಕಾ ತಲೆ ಆಡಿಸಿದರು. "ಹಂಗಾದ್ರ ಇಂಗ್ಲಿಷಿನಾಗ ಬರಸೂಣ್ರಿ ಮಾಸ್ತರ. ಅಲ್ಲಿ ಬಿ ಮೊದಲ ಬರತೈತಿ."

ಮಂಗಳವಾರ ಅವರು ನಾಲ್ಕನೆಯ ಕಲಮಿಗೆ ಬಂದು ನಿಂತಿದ್ದರು. "ಸಂಬಂಧಪಟ್ಟವರ ಲಿಖಿತ ಅನುಮತಿ ಇಲ್ಲದೆ ಗಾಡಿಯನ್ನು ಹೊರಗೆ ಒಯ್ಯತಕ್ಕದ್ದಲ್ಲ." ಸರಿ, ಸಂಬಂಧಪಟ್ಟವರು ಅಂದರೆ ಯಾರು? ಗಾಡಿ ನಿಂತಿರುವ ಊರಿನವರು ಎಂದರು ಮಾಸ್ತರು. ಬೆಂಕಿ ಹತ್ತಿದ ಊರಿನವರು ಎಂದರು ಕಾಕಾ. ಎರಡೂ ಊರಿನವರ ಸಹಿ ಇರಲಿ ಎಂಬ ತೀರ್ಮಾನಕ್ಕೆ ಬರುತ್ತಿದ್ದರು. ಚಾಚಾ ಮಾತ್ರ ಚಹಾ ಕುಡಿಯುತ್ತಿದ್ದರು. ನನ್ನ ಫೋನ್ ಬಡಿದುಕೊಂಡದ್ದು ಆಗ.

ತಂಗಿಯ ಮಾತು ಕೇಳಿದವಳೇ ಅಂಗಡಿಯ ಇನ್ನೊಂದು ಫೋನಿನಿಂದ ತುರ್ತು ನಂಬರಿಗೆ ಹಚ್ಚಿದೆ. ಅತ್ತ ಕಡೆಯಿಂದ ಒಬ್ಬ ಹೆಣ್ಣುಮಗಳ ಸಮಾಧಾನದ ದನಿ. ಎಲ್ಲಿ ಎಂದು ಕೇಳಿದಳು. ಘೋಣಸಗಿ ಎಂದೆ. ಘೋಣಸಗಿಯಲ್ಲಿ ಎಲ್ಲಿ, ಡಾಂಬರು ರಸ್ತೆ ಬಿಟ್ಟ ಮೇಲೆ ಎಡಕ್ಕೋ ಬಲಕ್ಕೋ ಎಂದಳು.

ನಾನು ಏನು ಹೇಳಿದೆ ಗೊತ್ತೇ? "ನಮ್ಮ ತಂಗಿ ಹೊಲದಾಗ್ರಿ."

ಜಿಲ್ಲೆಯಲ್ಲಿ ಎಲ್ಲರಿಗೂ ನನ್ನ ತಂಗಿಯ ಹೊಲ ಗೊತ್ತಿರಬೇಕು ಎಂಬ ಧಾಟಿ. ಎಷ್ಟು ಸಲ ಹೋಗಿದ್ದೇನೆ ಆ ಹೊಲಕ್ಕೆ. ಹುರಿದ ಎಳೆಜೋಳದ ಸೀತನಿ ತಿಂದು, ಉಡಿ ತುಂಬಿಸಿಕೊಂಡು ಬಂದಿದ್ದೇನೆ. ಎಡವೋ ಬಲವೋ ಎಂದು ಒಂದು ದಿನವೂ ನೋಡಿಲ್ಲ. ಬೈಕಿನ ಹಿಂದೆ ಕೂತು ಹೋಗುವವರಿಗೆ ದಾರಿ ಎಲ್ಲಿ ಕಾಣುತ್ತದೆ?

ಮಾಸ್ತರು ನನ್ನ ಕೈಯಿಂದ ಫೋನ್ ಕಸಿದುಕೊಂಡರು. ಊರು ಅವರ ಕಡೆಯದಲ್ಲವೇ? ಬೇವಿನ ಗಿಡದ ಹತ್ತಿರ ಬಲಕ್ಕೆ ಹೊರಳಬೇಕು ಎಂದು ಠೀವಿಯಿಂದ ಹೇಳಿದರು. ಪಕ್ಕದಲ್ಲಿದ್ದ ಕಾಕಾಗೆ ತಡೆಯಲಾಗಲಿಲ್ಲ.

"ಆ ಗಿಡ ಎಲ್ಲೈತ್ರಿ ಮಾಸ್ತರ? ಕಡದು ಯಾವ ಕಾಲ ಆತು. ಈಗ ಅಲ್ಲಿ ನೀರಿನ ಟಾಕಿ ಐತಿ. ಟಾಕಿ ಅಂತ ಹೇಳ್ರಿ."

ತಿಕೋಟಾದವರ ದಾರಿಯನ್ನು ಬಬಲೇಶ್ವರದವರು ತಿದ್ದಿದರು. (ನಮ್ಮಲ್ಲಿ ಗಿಡ ಹೋದರೂ ಅದರ ವಿಳಾಸ ಹೋಗುವುದಿಲ್ಲ. ಊರವರಿಗೆ ಅದರಿಂದ ತೊಂದರೆ ಇಲ್ಲ. ಹೊರಗಿನಿಂದ ಗಾಡಿ ಓಡಿಸಿಕೊಂಡು ಬರುವವನ ಗತಿ?) ಕಾಕಾಗೆ ಆ ಕಡೆಯ ದಾರಿ ಗೊತ್ತಿದ್ದದ್ದಕ್ಕೆ ಕಾರಣವಿತ್ತು. ಅವರ ಮಗಳನ್ನು ಕೊಟ್ಟದ್ದು ಕಳ್ಳಕವಟಗಿಗೆ. ಅಳಿಯನ ದ್ರಾಕ್ಷಿ ತೋಟ ಆ ಕಡೆಯೇ ಇದೆ. ಟಾಕಿಯ ಮಾತು ಮುಗಿಯುವ ಮೊದಲೇ ಅವರು ಅಳಿಯನಿಗೆ ಫೋನ್ ಹಚ್ಚಿದ್ದರು. "ಔಷಧ ಹೊಡ್ಯಾಕತ್ತೀರೇನ್ರಿ? ಅದನ್ನ ಚೆಲ್ರಿ. ಟ್ಯಾಂಕಿಗೆ ನೀರ ತುಂಬಿಕೊಂಡ ಘೋಣಸಗಿಗೆ ಹೋಗ್ರಿ. ಯಾಕ ಅಂತ ಆಮ್ಯಾಲ ಹೇಳತೀನಿ."

ದ್ರಾಕ್ಷಿಗೆ ಔಷಧ ಹೊಡೆಯುವ ಟ್ರ್ಯಾಕ್ಟರನ್ನು ನೀವು ನೋಡಿರಬಹುದು. ಹಿಂದೆ ಒಂದು ಟ್ಯಾಂಕು, ಅದಕ್ಕೊಂದು ದೊಡ್ಡ ಫ್ಯಾನು. ಮಂಜಿನ ಹಾಗೆ ನೀರು ಉಗುಳುತ್ತದೆ. ಅದರಿಂದ ಬಣವೆಯ ಬೆಂಕಿ ಆರುವುದಿಲ್ಲ. ಆದರೆ ಛಪ್ಪರದ ಗರಿಯನ್ನು ಒದ್ದೆ ಮಾಡಬಹುದಲ್ಲ? ಈ ವಿಚಾರ ಕಾಕಾಗೆ ಯಾವ ಕಲಮನ್ನೂ ಓದದೆ ಹೊಳೆದಿತ್ತು.

ಇಷ್ಟರಲ್ಲಿ ಚಾಚಾ ನನ್ನ ಫೋನ್ ಎತ್ತಿಕೊಂಡು ಮಹಾದೇವಿಯ ಜೊತೆ ಮಾತಾಡುತ್ತಿದ್ದರು. ದನಿ ಏರಿಸಲಿಲ್ಲ. ಒಲೆಯ ಮೇಲೆ ಹಾಲಿಟ್ಟವಳಿಗೆ ಹೇಳುವ ಹಾಗೆ ಹೇಳಿದರು.

"ಅವ್ವಾ, ಬಣವಿ ಕಡೆ ಹೋಗಬ್ಯಾಡ. ಅದು ಹೋತಂತ ತಿಳಿ. ಎಮ್ಮಿ ಜಗ್ಗಬ್ಯಾಡ. ಮೊದಲ ಕರಾ ಎತ್ತಿಕೊಂಡ ಹೊರಗ ಬಾ. ತಾಯಿ ತಾನ ಬರತೈತಿ."

ಆಮೇಲೆ ಫೋನಿನಲ್ಲಿ ಗದ್ದಲ, ಉಸಿರು, ಎಮ್ಮೆಯ ಕೂಗು. ಸ್ವಲ್ಪ ಹೊತ್ತಿಗೆ ತಂಗಿಯ ದನಿ. ಬಂತು ಎಂದಳು. ಅಷ್ಟೇ. ನಾನು ಕೂತಲ್ಲೇ ಅತ್ತುಬಿಟ್ಟೆ. ಝೆರಾಕ್ಸ್ ತೆಗೆಸಲು ಬಂದಿದ್ದವರೊಬ್ಬರು ಆಧಾರ್ ಕಾರ್ಡು ಹಿಡಿದುಕೊಂಡು ಸುಮ್ಮನೆ ನಿಂತಿದ್ದರು, ಪಾಪ.

ಮಾಸ್ತರ ಕಾರಿನಲ್ಲಿ ನಾಲ್ವರೂ ಹೊರಟೆವು. ನಾವು ಮುಟ್ಟುವಷ್ಟರಲ್ಲಿ ಶಹರದ ದೊಡ್ಡ ಗಾಡಿಯೂ ಬಂದಾಗಿತ್ತು. ಟಾಕಿಯ ಹತ್ತಿರ ಸರಿಯಾಗಿ ಬಲಕ್ಕೆ ಹೊರಳಿತ್ತು. ಬಣವೆ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಸಿಬ್ಬಂದಿ ಉಳಿದದ್ದನ್ನು ಕೆದರಿ ಕೆದರಿ ನೀರು ಹೊಡೆಯುತ್ತಿದ್ದರು. ಕಣಿಕೆಯ ಬೆಂಕಿ ಒಳಗೊಳಗೇ ಕೂತಿರುತ್ತದಂತೆ, ಹೊಗೆ ಪೂರ್ತಿ ನಿಲ್ಲುವವರೆಗೆ ಅವರು ಹೋಗಲಿಲ್ಲ. ಛಪ್ಪರ ನೆಟ್ಟಗೆ ನಿಂತಿತ್ತು. ಗರಿಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಾಕಾನ ಅಳಿಯ ಸಿದ್ದು ಟ್ರ್ಯಾಕ್ಟರಿಗೆ ಒರಗಿಕೊಂಡು, ತಾನೇನೋ ತಪ್ಪು ಮಾಡಿದವನ ಹಾಗೆ ನೆಲ ನೋಡುತ್ತಿದ್ದ. ಕಲಸಿದ ಔಷಧವನ್ನೆಲ್ಲ ಬದುವಿಗೆ ಚೆಲ್ಲಿ ಬಂದವನು ಅವನು. ಹಾಳಾಯಿತಲ್ಲಪ್ಪ ಎಂದರೆ, ನಾಳೆ ಕಲಸಿದರಾಯಿತು ಎಂದ.

ಮುಖಕ್ಕೆಲ್ಲ ಮಸಿ ಬಳಿದುಕೊಂಡ ನನ್ನ ತಂಗಿ ಗಾಡಿಯ ಮಂದಿಗೆ ಕೇಳಿದ ಮೊದಲ ಮಾತು, ಊಟ ಆಯಿತೇ ಎಂದು. ಆಗಿರಲಿಲ್ಲ ಅವರದು. ಮಧ್ಯಾಹ್ನದ ಡಬ್ಬಿಯನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದಿದ್ದರು. ಅಕ್ಕಪಕ್ಕದ ಹೊಲದ ಹೆಂಗಸರು ರೊಟ್ಟಿ ತಂದರು. ಅವರು ನಿಂತುಕೊಂಡೇ ತಿಂದರು. ನನಗೆ ಆಗ ಅವರಿಗೆ ಏನಾದರೂ ಹೇಳಬೇಕು ಅನಿಸಿತು. ಬಾಯಿಗೆ ಮಾತೇ ಬರಲಿಲ್ಲ. ವಾರವಾರ ಇಷ್ಟು ಬರೆಯುವವಳಿಗೆ.

(ಬೆಂಕಿ ಹತ್ತಿದ್ದು ಹೇಗೆ? ಎರಡು ದಿನ ಯಾರ್ಯಾರನ್ನೋ ಬೈದ ಮೇಲೆ ತಂಗಿಯೇ ಒಪ್ಪಿಕೊಂಡಳು. ಬೆಳಿಗ್ಗೆ ಬದುವಿನ ಕಸಕ್ಕೆ ಕಡ್ಡಿ ಗೀರಿದ್ದು ಅವಳೇ. ಆರಿತು ಅಂದುಕೊಂಡಿದ್ದಳಂತೆ. ಆರಿರಲಿಲ್ಲ.)

ಗುರುವಾರ ಮೂವರೂ ಮತ್ತೆ ನನ್ನ ಬೆಂಚಿನ ಮೇಲೆ. ಅವತ್ತು ಮಹಾದೇವಿಯೂ ಬಂದಿದ್ದಳು, ಡಬ್ಬಿಯ ತುಂಬ ಗಿಣ್ಣ ಮಾಡಿಕೊಂಡು. ಈದ ಎಮ್ಮೆಯ ಮೊದಲ ಹಾಲಿನ ಗಿಣ್ಣ, ಬೆಲ್ಲ, ಯಾಲಕ್ಕಿ ಹಾಕಿ ಹದವಾಗಿ ಬೇಯಿಸಿದ್ದು. ಕಾಕಾಗೆ ಸಕ್ಕರೆ ಕಾಯಿಲೆ. ಮಗಳಿಗೆ ಹೇಳಬೇಡಿ ಎಂದು ಎರಡು ಸಲ ಹಾಕಿಸಿಕೊಂಡರು. ಮಾಸ್ತರು ನಾಲ್ಕನೆಯ ಕಲಮನ್ನು ಓದು ಎಂದರು. ಓದಿದೆ.

ಚಮಚ ಹಿಡಿದುಕೊಂಡು ನಿಂತಿದ್ದ ತಂಗಿ ನನ್ನತ್ತ ತಿರುಗಿ ಕೇಳಿದಳು. "ಸಂಬಂಧಪಟ್ಟವರಂದ್ರ ಬೀಗರೇನಕ್ಕಾ? ಅವತ್ತ ಬಂದವರ್ಯಾರೂ ನನಗ ಸಂಬಂಧ ಇಲ್ಲಲ್ಲ."

ಅವಳು ಕುಹಕಕ್ಕೆ ಕೇಳಿದ್ದಲ್ಲ. ಅವಳಿಗೆ ನಿಜಕ್ಕೂ ಹಾಗೆಯೇ ಕೇಳಿಸಿತ್ತು. ಸಂಬಂಧ ಎಂದರೆ ಅವಳ ಬಾಯಲ್ಲಿ ಹೆಣ್ಣು ಕೊಟ್ಟದ್ದು, ತಂದದ್ದು.

ಈಗ ನನ್ನ ತಪ್ಪೊಪ್ಪಿಗೆ. ಆ ಕಲಮನ್ನು ಬರೆದವರು ತಿಕೋಟಾದವರಲ್ಲ, ಬಬಲೇಶ್ವರದವರಲ್ಲ. ನಾನು. ಕರಾರುಪತ್ರ ಬೇಗ ಆಗಲಿ ಎಂದು ಕಂಪ್ಯೂಟರಿನಲ್ಲಿದ್ದ ಒಂದು ಹಳೆಯ ಫಾರ್ಮ್ಯಾಟ್ ತೆಗೆದು ಹೆಸರು ಬದಲಿಸಿದ್ದೆ. ಅದು ಯಾವುದರ ಫಾರ್ಮ್ಯಾಟ್? ಕಲ್ಯಾಣ ಮಂಟಪದ್ದು. "ಸಂಬಂಧಪಟ್ಟವರ ಲಿಖಿತ ಅನುಮತಿ ಇಲ್ಲದೆ ಕುರ್ಚಿ, ಪಾತ್ರೆಗಳನ್ನು ಹೊರಗೆ ಒಯ್ಯತಕ್ಕದ್ದಲ್ಲ." ಕುರ್ಚಿ, ಪಾತ್ರೆ ಇದ್ದ ಜಾಗದಲ್ಲಿ ಗಾಡಿ ಎಂದು ಹೊಡೆದಿದ್ದೆ. ಇಬ್ಬರು ಹಿರಿಯರು ಅಷ್ಟು ತಲೆ ಕೆಡಿಸಿಕೊಂಡದ್ದು ನನ್ನ ಕಾಪಿ-ಪೇಸ್ಟಿಗೆ. ಹೇಳಿಬಿಟ್ಟೆ. ಮಾಸ್ತರು ಕನ್ನಡಕ ತೆಗೆದು ನನ್ನನ್ನು ನೋಡಿದ ರೀತಿ, ಹೋಮ್‌ವರ್ಕ್ ಮಾಡದ ಮಕ್ಕಳಿಗಷ್ಟೇ ಗೊತ್ತು. ಕಾಕಾ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹಾಗೆಂದು ಎಲ್ಲ ಒಮ್ಮೆಲೇ ಸರಿಹೋಯಿತು ಎಂದುಕೊಳ್ಳಬೇಡಿ. ಅನುಮತಿ ಬೇಡ ಎಂದರೆ ಯಾರು ಬೇಕಾದರೂ ಫೋನ್ ಮಾಡುತ್ತಾರೆ, ಸುಳ್ಳು ಫೋನ್ ಬಂದರೆ ಏನು ಮಾಡುವುದು ಎಂದು ಮಾಸ್ತರಿಗೆ ಚಿಂತೆ. ನ್ಯಾಯವಾದ ಚಿಂತೆಯೇ. ಅಷ್ಟು ದಿನ ಚಹಾ ಕುಡಿಯುತ್ತ ಕೂತಿದ್ದ ಚಾಚಾ ಗಿಣ್ಣದ ತಟ್ಟೆ ಕೆಳಗಿಟ್ಟರು.

"ಸುಳ್ಳ ಫೋನಿಗೆ ಹೋದ್ರ ಗಾಡಿ ಸುಮ್ನ ತಿರುಗಾಡಿ ಬರತೈತ್ರಿ ಮಾಸ್ತರ. ನಾ ಭಾಳ ಸಲ ಹಂಗ ಬಂದೀನಿ, ನಕ್ಕೊಂಡ ಬಂದೀನಿ. ಖರೇ ಫೋನಿಗೆ ತಡಾ ಆಗಿ ಹೋಗಿ ಬಂದ ದಿನ ಮನ್ಯಾಗ ಉಣ್ಣಾಕ ಆಗಿಲ್ಲ."

ಮಾಸ್ತರು ತಾವೇ ಪೆನ್ನು ತೆಗೆದು ಆ ಕಲಮಿನ ಮೇಲೆ ಉದ್ದಕ್ಕೆ ಗೆರೆ ಎಳೆದರು. ಹೊಸದನ್ನು ಅವರೇ ಹೇಳಿ ಬರೆಸಿದರು. "ಯಾರೇ ಫೋನ್ ಮಾಡಲಿ, ಗಾಡಿ ಹೊರಡಬೇಕು." ನಾನು ಇಷ್ಟು ವರ್ಷದಲ್ಲಿ ಟೈಪ್ ಮಾಡಿದ ಕಲಮುಗಳಲ್ಲಿ ಇಷ್ಟು ಗಿಡ್ಡದ್ದು ಇನ್ನೊಂದಿಲ್ಲ. ಕಾಕಾ ಕೆಳಗೆ ಒಂದು ಸಾಲು ಸೇರಿಸಿದರು: ಗಾಡಿ ಬರುವ ತನಕ ಒಬ್ಬರು ಡಾಂಬರು ರಸ್ತೆಗೆ ಬಂದು ನಿಂತಿರಬೇಕು. ಹೆಸರು ಯಾವುದು ಮೊದಲು, ಗಾಡಿ ಯಾವ ಊರಲ್ಲಿ ನಿಲ್ಲಬೇಕು ಎಂಬ ಜಗಳ ಇನ್ನೂ ಇದೆ. ಇರಲಿ. ಅದಕ್ಕೆ ಅವರು ಇನ್ನೊಂದು ನಾಲ್ಕು ಸಲ ಬಂದರೆ ನನಗೂ ಖುಷಿಯೇ.

ಆ ದಿನ ಫೋನ್ ಎತ್ತಿದ ಹೆಣ್ಣುಮಗಳ ಹೆಸರು ನನಗೆ ಗೊತ್ತಿಲ್ಲ. ದೊಡ್ಡ ಗಾಡಿಯ ಡ್ರೈವರನ ಹೆಸರು ಕೇಳಲಿಲ್ಲ. ಮರುದಿನ ಕಳ್ಳಕವಟಗಿಯಿಂದ ಎತ್ತಿನ ಬಂಡಿ ತುಂಬ ಕಣಿಕೆ ಕಳಿಸಿದವರು ಯಾರ್ಯಾರು ಎಂದು ಸಿದ್ದು ಬಾಯಿ ಬಿಡುತ್ತಿಲ್ಲ. ಇವರಿಗೆಲ್ಲ ಇಲ್ಲಿಂದಲೇ ಕೈ ಮುಗಿಯುತ್ತಿದ್ದೇನೆ. ಓದಿದರೆ, ಇದು ನಿಮಗೇ ಎಂದು ತಿಳಿಯಿರಿ.

ಬೆಂಕಿ ಬಿದ್ದಾಗ ಸಂಬಂಧವೇ ಇಲ್ಲದ ಇಷ್ಟು ಮಂದಿ ಓಡಿ ಬರುವ ಸೀಮೆಯಲ್ಲಿ, ನಾವು ಪ್ರತಿ ಕಾಗದದಲ್ಲೂ ಸಂಬಂಧಪಟ್ಟವರನ್ನೇ ಯಾಕೆ ಹುಡುಕುತ್ತೇವೆ?